ಒಂಟಿ ಕೈಯ ಹಲಸಿನ ಹಪ್ಪಳ ಮತ್ತು ಸಮುದಾಯದ ಭಾಷಣ

ಈ ವಾರ ಎಲ್ಲರೂ ಹಂಚಿಕೊಳ್ತಿರೋ ಆ ವಿಡಿಯೊ ನೋಡಿದೆ. ಹಿಂದೆ ಕೊಳಲಿನ ಸಂಗೀತ, ಮುಂದೆ ಇಸ್ತ್ರಿ ಮಾಡಿದ ಕೈಮಗ್ಗದ ಸೀರೆ, ಮಧ್ಯೆ ಘಮಘಮ ಹಣ್ಣಾದ ಹಲಸು. ಸೊಳೆ ಬಿಡಿಸಿ, ಮಿಕ್ಸಿಗೆ ಹಾಕಿ, ಅರ್ಧ ಲೋಟ ನೀರು ಹೊಯ್ದು ರುಬ್ಬಿ, ಹನ್ನೆರಡು ಹಪ್ಪಳ ಒತ್ತಿ ಮೊರದಲ್ಲಿ ಜೋಡಿಸಿದ್ದಾರೆ. ಒಬ್ಬರೇ, ಒಂದು ಗಂಟೆಯಲ್ಲಿ! ಕೆಳಗೆ ಬರೆದದ್ದು: "ಕೈಯಾರೆ ಮಾಡುವ, ಕೂಡಿ ಬಾಳುವ ಬದುಕಿಗೆ ಮರಳೋಣ." ಕೂಡಿ ಅಂದ್ರೆ ಯಾರ ಜೊತೆ ತಾಯಿ? ಕ್ಯಾಮೆರಾ ಹಿಡಿದವರನ್ನು ಬಿಟ್ರೆ ಅಲ್ಲಿ ಇನ್ನೊಂದು ನರಪಿಳ್ಳೆ ಕಾಣಲಿಲ್ಲ.

ಆ ಹಪ್ಪಳ ಮೂರನೇ ದಿನಕ್ಕೂ ಒಣಗಿರಲ್ಲ ಅಂತ ಮಲೆನಾಡಿನ ಯಾವ ಅಜ್ಜಿಯಾದ್ರೂ ವಿಡಿಯೊ ನೋಡಿಯೇ ಹೇಳ್ತಾರೆ. ಅದು ಹಾಳಾಗಿ ಹೋಗಲಿ. ನನ್ನ ಸಿಟ್ಟು ಇರೋದು ಆ 'ಕೂಡಿ ಬಾಳುವ' ಮೇಲೆ. ಹಲಸಿನ ಹಪ್ಪಳಕ್ಕೆ ಹತ್ತು ಕೈ ಬೇಕು ಅನ್ನೋದು ಭಾವನೆಯ ಮಾತೇ ಅಲ್ಲ. ಅದು ಪಿಷ್ಟದ ಲೆಕ್ಕ, ಬಿಸಿಲಿನ ಲೆಕ್ಕ.

ಕಾಯಿಂದಲೇ ಶುರು ಮಾಡ್ತೀನಿ. ಹಪ್ಪಳಕ್ಕೆ ಹಣ್ಣು ಆಗಲ್ಲ, ಎಳೆ ಗುಜ್ಜೆಯೂ ಆಗಲ್ಲ. ಚೆನ್ನಾಗಿ ಬಲಿತು ಇನ್ನೂ ಹಣ್ಣಾಗದ ಬಕ್ಕೆ ಕಾಯಿ, ಅಂದ್ರೆ ಗಟ್ಟಿ ಸೊಳೆಯ ಜಾತಿಯ ಕಾಯಿ ಬೇಕು. ಮುಳ್ಳು ಅಗಲವಾಗಿ, ಚಪ್ಪಟೆಯಾಗಿ, ಒಂದರಿಂದೊಂದು ದೂರ ಸರಿದಿರಬೇಕು. ತಟ್ಟಿದ್ರೆ ಗಟ್ಟಿ ಟಕಟಕ ಹೋಗಿ ಸ್ವಲ್ಪ ಪೊಳ್ಳು ಸದ್ದು ಬರಬೇಕು, ಪರಿಮಳ ಮಾತ್ರ ಸುಳಿಯಬಾರದು. ಕೊಯ್ದು ನೋಡಿದ್ರೆ ಬೀಜದ ಸಿಪ್ಪೆ ಗಟ್ಟಿಯಾಗಿ ಕಂದು ತಿರುಗಿರಬೇಕು, ಸೊಳೆ ಕೆನೆಬಣ್ಣ ಬಿಟ್ಟು ಆಗತಾನೆ ಹಳದಿಗೆ ವಾಲ್ತಿರಬೇಕು, ಬಾಯಿಗೆ ಸಿಹಿ ಹತ್ತಬಾರದು. ಈ ಹಂತದಲ್ಲಿ ಸೊಳೆ ತುಂಬ ಪಿಷ್ಟ ಇರುತ್ತೆ. ಹಪ್ಪಳವನ್ನು ಹಿಡಿದಿಡೋದು ಅದೇ. ಎಳತಾದ್ರೆ ಪಿಷ್ಟ ಸಾಲದೆ ಹಿಟ್ಟು ಕಟ್ಟಿ ಬರಲ್ಲ, ಒತ್ತಿದ ಕೂಡಲೇ ಅಂಚು ಸೀಳುತ್ತೆ. ಹಣ್ಣಾಗೋಕೆ ಹಿಡಿದ್ರೆ ಪಿಷ್ಟ ಸಕ್ಕರೆಯಾಗುತ್ತೆ. ಆಗ ಹಿಟ್ಟು ಅಂಟಂಟು, ಒಣಗಿದ್ರೂ ಬಗ್ಗೋ ಚರ್ಮ, ಎಣ್ಣೆಗೆ ಬಿಟ್ರೆ ಅರಳೋ ಮೊದಲೇ ಕಪ್ಪು. ಮೆತ್ತನೆ ಸೊಳೆಯ ಅಂಬಲಿ ಹಲಸಂತೂ ಈ ಕೆಲಸಕ್ಕೆ ಬೇಡವೇ ಬೇಡ. ತುಮಕೂರಿನ ಸಿದ್ದು ಹಲಸಿನ ತಾಮ್ರಗೆಂಪು ಸೊಳೆ ನೋಡಿ "ಇದರಲ್ಲಿ ಹಪ್ಪಳ ಎಷ್ಟು ಚೆಂದ!" ಅಂದವರೂ ಇದ್ದಾರೆ. ಸ್ವಾಮಿ, ಅದು ಹಣ್ಣು ತಿನ್ನೋಕೆ ಹೆಸರಾದ ಹಲಸು. ತಿನ್ನಿ, ಸುಮ್ಮನಿರಿ.

ಕಾಯಿ ಹಿಂದಿನ ದಿನವೇ ಇಳಿಸಿ, ತೊಟ್ಟು ಕತ್ತರಿಸಿ, ಮೇಣ ಸೋರೋಕೆ ಬಿಟ್ಟು ನೆರಳಲ್ಲಿಡಬೇಕು. ಇಳಿಸೋದು ಅಂದ್ರೆ ಹಗ್ಗ ಕಟ್ಟಿ ಇಳಿಸೋದು, ದೊಪ್ಪನೆ ಬೀಳಿಸೋದಲ್ಲ. ಪೆಟ್ಟಾದ ಕಡೆ ಒಳಗೇ ಕೊಳೆ ಶುರುವಾಗುತ್ತೆ. ಎರಡು ದಿನ ಮೀರಿ ಇಟ್ರೆ ಹಣ್ಣಾಗಿ ಕೈಕೊಡುತ್ತೆ. ಅಂದ್ರೆ ಕಾಯಿ ಇಳಿಸೋ ಮೊದಲೇ ನಾಳೆ ಯಾರ್ಯಾರು ಬರ್ತಾರೆ ಅಂತ ಗೊತ್ತಿರಬೇಕು. ಕಾಯಿ ಇಳಿಸಿ ಆಮೇಲೆ ಜನ ಹುಡುಕೋಕಾಗಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಮನೆಗೆ ಮಳೆಗಾಲಕ್ಕೆ ಐನೂರು ಹಪ್ಪಳ ಅಂದ್ರೆ ಹೆಚ್ಚೇನಲ್ಲ. ನೆಂಟರು, ಹಬ್ಬ, ಪೇಟೆಯ ಮಕ್ಕಳಿಗೆ ಕಟ್ಟು, ಎಲ್ಲ ಸೇರಿ. ಐದು ಇಂಚಿನ ಹಪ್ಪಳಕ್ಕೆ 20 ಗ್ರಾಂ ಉಂಡೆ. ಐನೂರಕ್ಕೆ 10 ಕಿಲೋ ಹಿಟ್ಟು. ಕಾಯಿಯ ತೂಕದಲ್ಲಿ ಸೊಳೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಉಳಿದದ್ದು ಮುಳ್ಳು, ನಾರು, ಗೂಂಜು, ಬೀಜ. ಅಲ್ಲಿಗೆ ಎಂಟು-ಹತ್ತು ಕಿಲೋ ತೂಗುವ ನಾಲ್ಕು ಕಾಯಿ. ಒಂದು ಕಾಯಿ ಹೆಚ್ಚಿ, ಮೇಣ ಒರೆಸಿ, ಸೊಳೆ ಬಿಡಿಸಿ, ಬೀಜ ಮತ್ತು ಅದರ ಮೇಲಿನ ತೆಳು ಪೊರೆ ತೆಗೆಯೋಕೆ ಪಳಗಿದ ಕೈಗೂ ಒಂದು ಗಂಟೆ. ನಾಲ್ಕು ಕಾಯಿಗೆ ನಾಲ್ಕು ಗಂಟೆ. ಹಾಳೆಗಳ ನಡುವೆ ಉಂಡೆ ಇಟ್ಟು, ಒತ್ತಿ, ಹಾಳೆ ಬಿಡಿಸಿ ಚಾಪೆಗೆ ಹಾಕೋಕೆ ಹಪ್ಪಳಕ್ಕೆ ಅರ್ಧ ನಿಮಿಷ ಅಂದ್ರೂ ಐನೂರಕ್ಕೆ ನಾಲ್ಕು ಗಂಟೆ ದಾಟುತ್ತೆ. ಬೇಯಿಸೋದು, ಕುಟ್ಟೋದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಒಬ್ಬರೇ ಬೆಳಗ್ಗೆ ಆರಕ್ಕೆ ಕೂತ್ರೆ ಕೊನೇ ಹಪ್ಪಳ ಚಾಪೆ ಸೇರುವಾಗ ಸೂರ್ಯ ಮನೆಗೆ ಹೋಗಿರ್ತಾನೆ.

ಹಾಗಾದ್ರೆ ಎರಡು ದಿನ ಮಾಡಿ ಅಂತೀರಾ? ಆಗಲ್ಲ, ಕಾರಣ ಕೇಳಿ. ಬಿಡಿಸಿದ ಸೊಳೆ ಗಾಳಿಗೆ ಕಂದಾಗುತ್ತೆ. ಬೆಂದ ಸೊಳೆ ಬಿಸಿಯಿರುವಾಗಲೇ ಕುಟ್ಟಬೇಕು. ತಣಿದ್ರೆ ಪಿಷ್ಟ ಬಿಗಿದುಕೊಂಡು ಗಂಟು ಉಳಿಯುತ್ತೆ. ಆ ಗಂಟು ಇದ್ದಲ್ಲೇ ಒಣಗಿದ ಹಪ್ಪಳ ಒಡೆಯೋದು. ಕುಟ್ಟಿದ ಹಿಟ್ಟನ್ನೂ ಸುಮ್ಮನೆ ಇಟ್ಟುಕೊಳ್ಳುವ ಹಾಗಿಲ್ಲ. ಮೇಲೆ ಒಣಗಿದ ಪೊರೆ ಕಟ್ಟಿ ಒತ್ತುವಾಗ ಅಂಚು ಬಿರಿಯುತ್ತೆ, ಮಾರನೇ ದಿನಕ್ಕೆ ಹುಳಿ ವಾಸನೆ. ಎಲ್ಲಕ್ಕಿಂತ ದೊಡ್ಡದು ಬಿಸಿಲು: ಹಪ್ಪಳ ಹತ್ತು-ಹತ್ತೂವರೆಯೊಳಗೆ ಚಾಪೆ ಮೇಲಿದ್ರೆ ಮಾತ್ರ ಸಂಜೆಯೊಳಗೆ ಎರಡೂ ಮುಖ ಒಣಗುತ್ತೆ. ಹಸಿ ಹಪ್ಪಳ ರಾತ್ರಿ ಒಳಗೆ ಬಂತೋ, ಬೆಳಗ್ಗೆ ಬೂಷ್ಟಿಗೆ ಸ್ವಾಗತ. ಹತ್ತು ಕೈ ಬೇಕು ಅಂದದ್ದು ಇದಕ್ಕೆ. ಆರಕ್ಕೆ ಇಬ್ಬರು ಹೆಚ್ಚೋಕೆ, ನಾಲ್ವರು ಬಿಡಿಸೋಕೆ ಕೂತು, ಒಬ್ಬರು ಒಲೆ ನೋಡಿ, ಮೊದಲ ಸುತ್ತಿನ ಸೊಳೆ ಬೆಂದ ಕೂಡಲೇ ಇಬ್ಬರು ಕುಟ್ಟೋಕೆ, ಆಮೇಲೆ ಬಿಡಿಸಿ ಮುಗಿಸಿದವರೇ ಒತ್ತೋಕೆ ತಿರುಗಿದ್ರೆ ಹತ್ತೂವರೆಗೆ ಐನೂರೂ ಬಿಸಿಲಲ್ಲಿರುತ್ತೆ. ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು (ಇವತ್ತು ಅವರು ನಮ್ಮ ಕೆಲಸಕ್ಕೆ, ನಾಳೆ ನಾವು ಅವರ ಕೆಲಸಕ್ಕೆ) ಯಾರೋ ಪುಣ್ಯಾತ್ಮರು ಪ್ರೀತಿ ಉಕ್ಕಿ ಕಂಡುಹಿಡಿದದ್ದಲ್ಲ. ನಾಟಿಗೂ ಅಡಿಕೆ ಸುಲಿಯೋಕೂ ಅದೇ ಕಥೆ: ಕೆಲಸದ ಗಡುವು ಒಂದು ಮನೆಯ ಕೈಗಳಿಗಿಂತ ದೊಡ್ಡದು.

ಆ ವಿಡಿಯೊದ ಮಿಕ್ಸಿ ಬಗ್ಗೆ ಒಂದು ಮಾತು ಹೇಳದೆ ಬಿಟ್ರೆ ನಿದ್ದೆ ಬರಲ್ಲ. ಸೊಳೆಯನ್ನು ನೀರಲ್ಲಿ ಬೇಯಿಸಬಾರದು, ಹಬೆಯಲ್ಲೇ ಬೇಯಿಸಬೇಕು. ಮುಚ್ಚಳದ ಕೆಳಗೆ ಬಟ್ಟೆ ಕಟ್ಟಬೇಕು, ಇಲ್ಲದಿದ್ರೆ ಆವಿ ನೀರಾಗಿ ಸೊಳೆ ಮೇಲೇ ತೊಟ್ಟಿಕ್ಕುತ್ತೆ. ಹಬೆ ಬಂದ ಮೇಲೆ ಇಪ್ಪತ್ತು ನಿಮಿಷ. ಎರಡು ಬೆರಳಲ್ಲಿ ಒತ್ತಿದ್ರೆ ನುರಿಯಬೇಕು, ಆದ್ರೆ ನೀರು ಜಿನುಗಬಾರದು. ಕುಟ್ಟುವಾಗ ತೊಟ್ಟು ನೀರೂ ಇಲ್ಲ. ಮಿಕ್ಸಿ ಜಾರು ಎರಡನೇ ಸುತ್ತಿಗೇ ಕಚ್ಚಿಕೊಂಡು ನೀರು ಕೇಳುತ್ತೆ, ನೀರು ಕೊಟ್ರೋ ಹಿಟ್ಟು ಗೊಜ್ಜಾಯ್ತು. ಒರಳು-ಒನಕೆ ಈ ಕೆಲಸಕ್ಕೆ ಇವತ್ತಿಗೂ ಸರಿ. ಕಷ್ಟ ಅಂದ್ರೆ ಚಕ್ಕುಲಿ ಒರಳಿನ ದೊಡ್ಡಣ್ಣನ ಹಾಗಿರುವ, ಹಿಡಿ ತಿರುಗಿಸುವ ಕಬ್ಬಿಣದ ಯಂತ್ರ ಇದೆ. ಒಂದು ಕಡೆ ಬಿಸಿ ಸೊಳೆ ತುರುಕಿದ್ರೆ ಇನ್ನೊಂದು ಕಡೆ ಹಿಟ್ಟು ಬರುತ್ತೆ. ಅದಕ್ಕೂ ತುರುಕೋಕೊಬ್ಬರು, ತಿರುಗಿಸೋಕೊಬ್ಬರು! ನೋಡಿ, ಎಲ್ಲಿಗೆ ಹೋದ್ರೂ ಎರಡನೇ ಮನುಷ್ಯ ಬಂದೇ ಬರ್ತಾನೆ.

ಒಂದು ಕಿಲೋ ಬೆಂದ ಸೊಳೆಗೆ 10ರಿಂದ 12 ಗ್ರಾಂ ಉಪ್ಪು, ಎಂಟು-ಹತ್ತು ಒಣಮೆಣಸಿನ ಪುಡಿ, ಒಂದು ಚಮಚ ಜೀರಿಗೆ, ಕಡಲೆ ಗಾತ್ರದ ಇಂಗು. ಬೇಕಿದ್ರೆ ಎಳ್ಳು. ಎಲ್ಲ ಒಣಪುಡಿಯಾಗಿಯೇ ಬೀಳಬೇಕು. ಹಸಿ ಹಿಟ್ಟಿನ ರುಚಿ ನೋಡಿದಾಗ ಉಪ್ಪು ಒಂಚೂರು ಕಮ್ಮಿ ಅನ್ನಿಸಬೇಕು. ಒಂದು ಕಿಲೋ ಹಿಟ್ಟು ಒಣಗಿ 300 ಗ್ರಾಂ ಆಸುಪಾಸಿಗೆ ಇಳಿಯುತ್ತೆ, ಉಪ್ಪು ಅಷ್ಟೂ ಅಲ್ಲೇ ಉಳಿಯುತ್ತೆ. ಉಪ್ಪು ಹೆಚ್ಚಾದ್ರೆ ಬರೀ ರುಚಿ ಕೆಡಲ್ಲ. ಆಷಾಢದ ಗಾಳಿಯ ತೇವ ಎಳೆದುಕೊಂಡು ಡಬ್ಬಿಯೊಳಗೇ ಮೆತ್ತಗಾಗುತ್ತೆ. ಹಾಳೆಗೆ ಸವರುವ ಕೊಬ್ಬರಿಎಣ್ಣೆಯೂ ಹಾಗೇ, ಬೆರಳಿಗೆ ಹತ್ತಿದಷ್ಟು ಸಾಕು. ಧಾರಾಳ ಮಾಡಿದ್ರೆ ಶ್ರಾವಣದ ಹೊತ್ತಿಗೆ ಕಮಟು. ಕಟ್ಟು ಬರದ ಹಿಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಮರ್ಯಾದೆ ಉಳಿಸಿಕೊಳ್ಳುವವರಿದ್ದಾರೆ. ತಿನ್ನೋಕೆ ಅಡ್ಡಿಯಿಲ್ಲ, ಹಲಸಿನ ಹಪ್ಪಳ ಅಂತ ಕರೆಯಬೇಡಿ ಅಷ್ಟೇ.

(ಈ ಹಂತದಲ್ಲಿ ಬಿಸಿ ಹಿಟ್ಟಿನ ಉಂಡೆಗೆ ಕೊಬ್ಬರಿಎಣ್ಣೆ ಸುರಿದು ತೆಂಗಿನಕಾಯಿ ಚೂರಿನ ಜೊತೆ ತಿನ್ನೋದಿದೆಯಲ್ಲ, ಅದರ ಮುಂದೆ ಕರಿದ ಹಪ್ಪಳ ಏನೇನೂ ಅಲ್ಲ. ಇದು ನನ್ನ ಖಾಸಗಿ ಅಭಿಪ್ರಾಯ. ವಾದಕ್ಕೆ ಬರಬೇಡಿ, ಬಗ್ಗಲ್ಲ.)

ಒಣಗಿಸೋದರಲ್ಲಿ ಹೆಚ್ಚು ಗುಟ್ಟಿಲ್ಲ. ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಮಗುಚಬೇಕು. ಸಂಜೆ ಅರೆ ಒಣಗಿದಾಗ ಎತ್ತಿ, ಒಂದರ ಮೇಲೊಂದು ಪೇರಿಸಿ, ಮೇಲೆ ಮಣೆ ಹೇರಿದ್ರೆ ಮುದುರಿದ್ದು ನೆಟ್ಟಗಾಗುತ್ತೆ. ಮತ್ತೆರಡು ಒಳ್ಳೆಯ ಬಿಸಿಲು. ಬಗ್ಗಿಸಿದ್ರೆ ಟಕ್ಕೆಂದು ಮುರಿಯಬೇಕು, ಬಾಗಿದ್ರೆ ಇನ್ನೊಂದು ದಿನ. ಬಿಸಿ ಆರದೆ ಡಬ್ಬಿಗೆ ತುಂಬಿದ್ರೆ ಒಳಗೇ ಬೆವರುತ್ತೆ.

ಈಗ ನೀವು ಕೇಳೋದು ಗೊತ್ತು. "ವಿದ್ಯುತ್ ಡ್ರೈಯರ್ ಬಂದಿದೆಯಲ್ಲ?" ಬಂದಿದೆ, ಒಳ್ಳೆಯದೇ, ಮೋಡದ ದಿನ ಉಳಿಸುತ್ತೆ. ಆದ್ರೆ ಅದು ಬಿಸಿಲಿನ ಕೆಲಸ ಮಾಡುತ್ತೆ, ಮೇಣ ಒರೆಸಲ್ಲ. "ಹೆಂಗಸರೇ ನಡೆಸುವ ಲಿಜ್ಜತ್ ಹಪ್ಪಳದ ಸಂಸ್ಥೆ ನೋಡಿ, ಮನೆಮನೆಯಲ್ಲಿ ಒಬ್ಬೊಬ್ಬರೇ ಲಟ್ಟಿಸಿಯೇ ಅಷ್ಟು ದೊಡ್ಡದಾಗಲಿಲ್ವಾ?" ಇದು ತೂಕದ ಮಾತು. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರು ಮಾಡಿದ್ದು ಇವತ್ತು ಸಾವಿರಾರು ಹೆಂಗಸರ ಅನ್ನ. ಹಿಟ್ಟು ಕೇಂದ್ರದಲ್ಲಿ ನಾದಿ, ಮನೆಗೆ ಒಯ್ದು ಲಟ್ಟಿಸಿ, ಒಣಗಿಸಿ ತಂದು ತೂಗಿ ಕೊಡ್ತಾರೆ. ಆದ್ರೆ ಅದು ಉದ್ದಿನ ಹಿಟ್ಟು, ಕೆಡದೆ ಕಾದಿರುತ್ತೆ. ಹಲಸಿನ ಹಿಟ್ಟು ಬಸ್ಸಿನಲ್ಲಿ ಮನೆಗೆ ಹೋಗಿ, ಮಕ್ಕಳನ್ನು ಶಾಲೆಗೆ ಕಳಿಸಿ, ಆಮೇಲೆ ಒತ್ತುವವರೆಗೂ ಸುಮ್ಮನಿರಲ್ಲ. ಅದಕ್ಕೆ ಜನ ಒಲೆಯ ಹತ್ತಿರವೇ ಬರಬೇಕು.

"ಇದೆಲ್ಲ ಹೆಂಗಸರ ಮೇಲೆ ಹೇರಿದ ಕೆಲಸ, ಅದಕ್ಕೆ ಚಿನ್ನದ ಲೇಪ ಹಚ್ಚಬೇಡಿ" ಅಂತ ಇನ್ನೊಂದು ಆಕ್ಷೇಪ. ನಿಜ. ನೂರಕ್ಕೆ ನೂರು ನಿಜ. ಗಂಡಸರು ಮರ ಹತ್ತಿ ಕಾಯಿ ಇಳಿಸಿ, ಜಗಲಿಯಲ್ಲಿ ಕವಳ (ಎಲೆಯಡಿಕೆ) ಹಾಕ್ತಾ ಕೂತು, ಕರಿದಾಗ ಪ್ರತ್ಯಕ್ಷ ಆಗೋ ಪದ್ಧತಿ ಇತ್ತು, ಇದೆ. ಅದಕ್ಕೆ ಪರಿಹಾರ ಹಪ್ಪಳ ನಿಲ್ಲಿಸೋದಾ? ಕವಳದ ತಟ್ಟೆ ಕಸಿದು ಒನಕೆ ಕೊಡಿ. ಹೆಚ್ಚೋದು, ಕುಟ್ಟೋದು ಎರಡೂ ತೋಳಿನ ಕೆಲಸ. ಕೈಗೂ ಕತ್ತಿಗೂ ಕೊಬ್ಬರಿಎಣ್ಣೆ ಹಚ್ಚಿಕೊಂಡ್ರೆ ಮೇಣ ಗಂಡಸರ ಕೈಯಿಂದಲೂ ಹೋಗುತ್ತೆ, ಅದಕ್ಕೆ ಲಿಂಗಭೇದ ಇಲ್ಲ.

ಬೆಂಗಳೂರಿನ ಗೆಳೆಯರದು ಇನ್ನೊಂದು ರಾಗ: "ನಮಗೆಲ್ಲಿ ಅಂಗಳ, ನಮಗೆಲ್ಲಿ ಮರ?" ಏಪ್ರಿಲ್ ತಿಂಗಳಲ್ಲಿ ನಿಮ್ಮ ತಾರಸಿಯ ಬಿಸಿಲು ನಮ್ಮ ತೋಟದಂಗಳಕ್ಕಿಂತ ಚೆನ್ನಾಗಿದೆ. ದೊಡ್ಡಬಳ್ಳಾಪುರದ ತೂಬಗೆರೆ ಹಲಸಿನ ಸೀಮೆ ದೂರವಿಲ್ಲ. ಗಾಡಿಯಲ್ಲಿ ಸೊಳೆ ಬಿಡಿಸಿ ಮಾರುವವರ ಹಣ್ಣಲ್ಲ, ಬಲಿತ ಕಾಯಿಯೇ ಬೇಕು ಅಂತ ಬೆಳೆದವರಿಗೆ ಮೊದಲೇ ಹೇಳಿದ್ರೆ ಸಿಗುತ್ತೆ. ಒಂದೇ ಕಟ್ಟಡದಲ್ಲಿ ಅರವತ್ತು ಮನೆ, ವಾಟ್ಸಾಪ್ ಗುಂಪಿನಲ್ಲಿ ದಿನಾ ನೂರು ಶುಭೋದಯ. ಆ ಅರವತ್ತು ಮನೆಯಿಂದ ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಹತ್ತು ಜನ ತಾರಸಿಗೆ ಬರ್ತಾರಾ? ಬರಲ್ಲ. ಹತ್ತು ಗಂಟೆಗೆ ಬರ್ತಾರೆ, ಫೋಟೊಕ್ಕೆ. ಕೊರತೆ ಮರದ್ದಲ್ಲ, ಅಂಗಳದ್ದೂ ಅಲ್ಲ.

ಕೊಂಡು ತಿನ್ನುವವರ ಮೇಲೆ ನನಗೆ ತಕರಾರಿಲ್ಲ. ಸ್ವಸಹಾಯ ಸಂಘದವರು ಮಾಡಿ ಮಾರ್ತಾರೆ, ಚೌಕಾಸಿ ಮಾಡದೆ ಪೂರ್ತಿ ದುಡ್ಡು ಕೊಟ್ಟು ತಗೊಳ್ಳಿ. ಆ ದರದಲ್ಲಿ ಹತ್ತು ಜನರ ಬೆಳಗು ಇದೆ. ತಗೊಂಡು, ತಿಂದು, "ಕೂಡಿ ಬಾಳೋಣ" ಅಂತ ಬರೆಯೋದು ಮಾತ್ರ ಬೇಡ. ನೀವು ಕೂಡಿದ್ದು ಕೌಂಟರಿನ ಜೊತೆ.

ನಿಜವಾಗಿ ಕೂಡಬೇಕು ಅಂತಿದ್ದವರಿಗೆ ಲೆಕ್ಕ ಇಡೋ ಕ್ರಮ ಹೇಳಿಬಿಡ್ತೀನಿ, ಹೆಚ್ಚು ಗುಂಪು ಒಡೆಯೋದು ಇಲ್ಲೇ. ಮುಯ್ಯಿ ಹಪ್ಪಳದಲ್ಲಿ ತೀರಿಸೋದಲ್ಲ, ಕೈಯಲ್ಲಿ ತೀರಿಸೋದು. ಒಂದು ಮನೆಯಿಂದ ಇಬ್ಬರು ಒಂದು ದಿನ ಬಂದ್ರೆ ಅವರ ಮನೆಗೆ ನಿಮ್ಮಿಂದ ಇಬ್ಬರು ಒಂದು ದಿನ. ಕಾಯಿ, ಎಣ್ಣೆ, ಬೆಳಗಿನ ತಿಂಡಿ ಯಾರ ಮನೆ ಸರದಿಯೋ ಅವರದ್ದು, ಹಪ್ಪಳವೂ ಅವರದ್ದೇ. ಬಂದವರಿಗೆ ಹೊರಡುವಾಗ ತಿನ್ನೋಕೆ ಉಂಡೆ ಹಿಟ್ಟು, ಬೇಕಾದಷ್ಟು ಬೀಜ. ಹೆಚ್ಚೋಕೆ ಬಾರದವರು ಬೀಜ ಬಿಡಿಸಲಿ, ನೆಲದ ಮೇಲೆ ಕೂರಲಾಗದ ಹಿರಿಯರು ಉಂಡೆ ಕಟ್ಟಲಿ, ಮಕ್ಕಳು ಕಾಗೆ ಓಡಿಸಲಿ, ಎಲ್ಲವೂ ಒಂದಾಳಿನ ಲೆಕ್ಕವೇ. ಸರದಿಯನ್ನು ಯುಗಾದಿ ಹೊತ್ತಿಗೇ ಗೊತ್ತು ಮಾಡಿಕೊಳ್ಳಿ. ಯಾರ ಮರದ ಕಾಯಿ ಮೊದಲು ಬಲಿಯುತ್ತೋ ಆ ಮನೆ ಮೊದಲು. ಮೇ ಕೊನೆಯ ವಾರಕ್ಕೆ ಯಾರನ್ನೂ ಇಡಬೇಡಿ, ಮುಂಗಾರಿನ ಮೋಡ ಯಾರ ಮುಯ್ಯಿಯನ್ನೂ ಕೇಳಲ್ಲ. ಮತ್ತೆ, ತನ್ನ ಸರದಿ ಮುಗಿದ ಮೇಲೆ "ನಮ್ಮ ಡ್ರೈವರ್‌ನ ಕಳಿಸ್ತೀನಿ" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇದ್ದೇ ಇರ್ತಾರೆ. ಅವರನ್ನು ಬರುವ ವರ್ಷದ ಪಟ್ಟಿಯಲ್ಲಿ ಕಟ್ಟಕಡೆಗೆ ಹಾಕಿ.