ಹಿಂಗಾರಕ್ಕೆ ಮೂರು ಹಂತ ಸಾಕು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಈಗ ಕೈಗೆ ಸಿಗುವ ಆಮಂತ್ರಣ ಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿ. ಬ್ರಹ್ಮಕಲಶೋತ್ಸವವಿರಲಿ, ಬಯಲಾಟವಿರಲಿ, ಮದುವೆಯಿರಲಿ, ಹಿನ್ನೆಲೆಗೆ ನೆಟ್‌ನಿಂದ ಇಳಿಸಿಕೊಂಡ ಸುರುಳಿ ಚಿತ್ತಾರ. ಒಂದರೊಳಗೊಂದು ಅದೇ ಆಕಾರ ಮರುಕಳಿಸುವ, ನೀಲಿ-ನೇರಳೆ ಬಣ್ಣದ, ಫ್ರ್ಯಾಕ್ಟಲ್ ಸಾಫ್ಟ್‌ವೇರಿನಲ್ಲಿ ಹುಟ್ಟಿದ ಚಿತ್ರ. ಚಂದವೇ. ಆದರೆ ಯಾವ ಊರಿನದ್ದೂ ಅಲ್ಲ. ನಮ್ಮ ತೋಟದ ಹಿಂಗಾರವನ್ನೇ, ಅಂದರೆ ಅಡಿಕೆಯ ಹೂಗೊನೆಯನ್ನೇ ಎದುರಿಗಿಟ್ಟುಕೊಂಡು, ಚಿತ್ರ ಬಿಡಿಸಲು ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಕೈಯಾರೆ ಅಂಥದೇ ಚಿತ್ರ ಬಿಡಿಸಬಹುದು. ಹಾಗೆ ಬಿಡಿಸಿದ್ದು ಇಳಿಸಿಕೊಂಡದ್ದಕ್ಕಿಂತ ಖಂಡಿತ ಮೇಲು ಎಂಬುದು ನನ್ನ ಅಭಿಪ್ರಾಯ. ಹೇಗೆ ಎಂಬುದನ್ನು ಅಳತೆ ಸಮೇತ ಬರೆಯುತ್ತೇನೆ.

ಮೊದಲು ಒಂದು ತಕರಾರು ತೀರಿಸಬೇಕು. ಸೂತ್ರ ಹಾಕಿ ಲೆಕ್ಕ ಮಾಡದಿದ್ದರೆ ಅದು ಫ್ರ್ಯಾಕ್ಟಲ್ ಹೇಗಾಗ್ತದೆ ಎಂದು ಕೇಳುವವರಿದ್ದಾರೆ. ಗಣಿತದ ಕಟ್ಟುನಿಟ್ಟಿಗೆ ಆಗುವುದಿಲ್ಲ, ಒಪ್ಪಿದೆ. ಫ್ರ್ಯಾಕ್ಟಲ್‌ನಂಥ ಚಿತ್ರ ಎಂದೇ ಕರೆಯೋಣ. ಆದರೆ ಸಾಫ್ಟ್‌ವೇರಿನ ಚಿತ್ರವೂ ಕಾಗದಕ್ಕೆ ಇಳಿದ ಮೇಲೆ ಅನಂತವಾಗಿ ಉಳಿಯುವುದಿಲ್ಲವಲ್ಲ. ಎ5 ಹಾಳೆಯ ಎತ್ತರಕ್ಕೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಸಿಗುವುದು 2480 ಪಿಕ್ಸೆಲ್. ಹಂತಹಂತಕ್ಕೂ ಅರ್ಧವಾಗುತ್ತ ಹೋದರೆ ಹನ್ನೊಂದನೇ ಹಂತಕ್ಕೆ ಉಳಿಯುವುದು ಒಂದೇ ಪಿಕ್ಸೆಲ್. ಮೂರನೇ ಒಂದರಷ್ಟು ಕಿರಿದಾಗುತ್ತ ಹೋದರೆ ಏಳಕ್ಕೇ ಮುಗಿಯಿತು. ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕಾಖ್ ತುಂಡುತುಂಡಿನಲ್ಲೂ ಅದೇ ಮೊನೆ ಮರುಕಳಿಸುವ ತನ್ನ ಪ್ರಸಿದ್ಧ ರೇಖೆಯನ್ನು ಮುಂದಿಟ್ಟದ್ದು 1904ರಲ್ಲಿ, ಆಗ ಕಂಪ್ಯೂಟರೇ ಇರಲಿಲ್ಲ. ನಮ್ಮ ಕಡೆಯದ್ದೇ ಬೇಕಿದ್ದರೆ, ಅಂಗಳದ ಕೋಲಂ ರಂಗೋಲಿಯ ಮರುಕಳಿಕೆಗೆ ನಿಯಮಗಳ ವ್ಯಾಕರಣ ಕಟ್ಟಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಅವರು ಮದ್ರಾಸಿನಿಂದ ಲೇಖನ ಪ್ರಕಟಿಸಿದ್ದು 1974ರಲ್ಲಿ. ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಫ್ರ್ಯಾಕ್ಟಲ್ ಎಂಬ ಹೆಸರಿಟ್ಟದ್ದು ಅದರ ಮರುವರ್ಷ. ಕೈ ಮೊದಲು, ಹೆಸರು ಆಮೇಲೆ.

ಇನ್ನು ಹಿಂಗಾರ. ಹೊದಿಕೆ ಬಿರಿದು ಹೊರಬಂದ ಒಂದು ಹಿಂಗಾರವನ್ನು ಮೇಜಿನ ಮೇಲೆ ಹರವಿ ಹತ್ತಿರದಿಂದ ನೋಡಿ. ನಡುವೆ ದಪ್ಪ ದಂಟು. ಬುಡದ ಕಡೆಯ ಕವಲುಗಳು ಮತ್ತೆ ಕವಲೊಡೆಯುತ್ತವೆ, ಆ ಕವಲುಗಳಲ್ಲಿ ಕೆಲವು ಇನ್ನೊಮ್ಮೆ. ಮೇಲೆ ಹೋದಂತೆ ಈ ಒಡೆಯುವಿಕೆ ಕಡಿಮೆಯಾಗುತ್ತ ಬಂದು, ತುದಿಯ ಕಡೆ ಬರೀ ಒಂಟಿ ಎಸಳುಗಳು, ಅಂದರೆ ಕವಲೊಡೆಯದ ಎಳೆಗಳು. ಎಸಳಿನ ಉದ್ದಕ್ಕೂ ಅಕ್ಕಿನುಚ್ಚಿನಷ್ಟು ಸಣ್ಣ ಗಂಡು ಹೂಗಳು. ಕವಲಿನ ಬುಡದಲ್ಲಿ ಮಾತ್ರ ದೊಡ್ಡ ಹೆಣ್ಣು ಹೂ, ಅಡಿಕೆಯಾಗುವುದು ಅದೇ. ಬುಡದಲ್ಲಿ ಮೂರು ಹಂತ, ತುದಿಯಲ್ಲಿ ಒಂದೇ. ಎಲ್ಲ ಕಡೆ ಒಂದೇ ಆಳಕ್ಕೆ ಹೋಗುವ ಚಿತ್ರಕ್ಕೂ ಜೀವ ಇರುವ ಚಿತ್ರಕ್ಕೂ ಇರುವ ವ್ಯತ್ಯಾಸ ಪೂರ್ತಿ ಇಲ್ಲಿಯೇ ಉಂಟು. ಎಲ್ಲಿ ನಿಲ್ಲಿಸಬೇಕೆಂದು ಬಿಡಿಸುವವರು ಜಾಗ ನೋಡಿ ತೀರ್ಮಾನಿಸಬೇಕು.

ಲೆಕ್ಕಕ್ಕೆ ಬರೋಣ. ಒಂದು ದಂಟಿಗೆ ಒಂಬತ್ತು ಕವಲು ಎಂದಿಟ್ಟುಕೊಳ್ಳಿ: ಎಡಬಲ ನಾಲ್ಕು ಜೊತೆ, ತುದಿಗೆ ಒಂದು. ಒಂಬತ್ತೂ ನಾಲ್ಕು ಹಂತ ಒಡೆದರೆ 6561 ಎಸಳು. ಪರದೆಯ ಮೇಲೆ ಅದು ಕಪ್ಪು ಮುದ್ದೆಯಾಗಿ ಕಾಣುತ್ತದೆ. ಮುದ್ದೆಯಾಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಲು ಸುಲಭದ ದಾರಿ ಉಂಟು. ಮುಂದೆ ಒಡೆಯುವ ಪ್ರತಿ ಕವಲಿನ ಅನುಪಾತವನ್ನು (ಅದು ದಂಟಿನ ಎಷ್ಟು ಪಟ್ಟು ಎಂಬುದನ್ನು) ವರ್ಗ ಮಾಡಿ ಎಲ್ಲವನ್ನೂ ಕೂಡಿಸಿ. ಮೊತ್ತ 1 ದಾಟಿದರೆ, ಆಳಕ್ಕೆ ಹೋದಂತೆ ಒಂದರ ಮೇಲೊಂದು ಬೀಳುವುದನ್ನು ಯಾವ ಜಾಣತನವೂ ತಪ್ಪಿಸದು. ಒಂಬತ್ತು ಕವಲಿಗೂ 0.45 ಎಂದಿಟ್ಟರೆ ಮೊತ್ತ 1.82, ಕೆಲಸ ಕೆಟ್ಟಿತು. ಮೊತ್ತ 1ರ ಒಳಗಿದ್ದರೂ ಕೋನ ತಪ್ಪಿದರೆ ತಾಗಬಹುದು, ಅದು ಬೇರೆ ವಿಷಯ.

ನಾನು ಹೇಳುವ ಅಳತೆ ಇದು. ಬುಡದ ಜೊತೆಗೆ 0.36, ಎರಡನೆಯದಕ್ಕೆ 0.30, ಮೂರನೆಯದಕ್ಕೆ 0.24, ನಾಲ್ಕನೆಯದಕ್ಕೆ 0.18, ತುದಿಗೆ 0.15. ಕೆಳಗಿನ ಎರಡು ಜೊತೆ ಮಾತ್ರ ಮತ್ತೆ ಒಡೆಯಬೇಕು, ಮೇಲಿನ ಐದೂ ಒಂಟಿ ಎಸಳು. ಒಡೆಯುವ ನಾಲ್ಕರ ವರ್ಗಗಳ ಮೊತ್ತ 0.44. ಗಾಳಿಯಾಡಲು ಸಾಕಷ್ಟು ಜಾಗ. ಕೋನ ಬುಡದಿಂದ ಮೇಲಕ್ಕೆ 55, 48, 40, 32 ಡಿಗ್ರಿ. ಕೂರಿಸುವ ಎತ್ತರ ದಂಟಿನ 20, 40, 60, 80 ಶೇಕಡ.

ಹಾಳೆ ಎ5, ಅಳತೆ ಮಿಲಿಮೀಟರಿನಲ್ಲಿ. ಮೊದಲು ಎಸಳು ಬಿಡಿಸಿ. ಇದನ್ನೂ ದಂಟಿನಷ್ಟೇ, ಅಂದರೆ 160 ಮಿ.ಮೀ. ಉದ್ದಕ್ಕೆ ಬಿಡಿಸಬೇಕು, ಆಗ ಶೇಕಡ ಲೆಕ್ಕ ನೇರವಾಗಿ ಕೂರುತ್ತದೆ. ಅಗಲ ಮಾತ್ರ 10 ಮಿ.ಮೀ. ಇರಲಿ. ಅಷ್ಟು ದಪ್ಪ ಯಾಕೆಂದರೆ, ಅತಿ ಸಣ್ಣ ಎಸಳು ಕೊನೆಗೆ ಮೂಲದ 0.0135 ಪಟ್ಟಿಗೆ ಇಳಿಯುತ್ತದೆ (0.30, 0.30, 0.15 ಗುಣಿಸಿ ನೋಡಿ). 10 ಮಿ.ಮೀ. ಇದ್ದದ್ದು ಆಗ 0.135 ಆಗುತ್ತದೆ. 300 ಡಿಪಿಐಯಲ್ಲಿ ಒಂದು ಪಿಕ್ಸೆಲ್ ಎಂದರೆ 0.085 ಮಿ.ಮೀ., ಹಾಗಾಗಿ ಇದು ಉಳಿಯುತ್ತದೆ. ಎಸಳನ್ನು ದಂಟಿನಷ್ಟೇ 4 ಮಿ.ಮೀ.ಗೆ ಬಿಡಿಸಿದರೆ 0.054ಕ್ಕೆ ಇಳಿದು ಮಸುಕಾಗಿ ಮಾಯ. ಎಸಳಿನ ಮೇಲೆ 13 ಮಿ.ಮೀ. ಅಗಲದ ಹನ್ನೆರಡು ಹೂಗಳನ್ನು ಕೈಯಲ್ಲೇ ಬಿಡಿಸಿ. ಒಂದನ್ನೇ ನಕಲು ಮಾಡಿ ಸಾಲಾಗಿ ಜೋಡಿಸಬೇಡಿ, ಹನ್ನೆರಡೂ ಸ್ವಲ್ಪ ಬೇರೆ ಬೇರೆ ಇರಲಿ. ಇವು ಕೊನೆಗೆ ಎರಡು ಸಾವಿರ ಚುಕ್ಕಿಗಳಾಗಿ ಹರಡುವುದರಿಂದ ಇಲ್ಲಿಯ ಶ್ರಮಕ್ಕೆ ಹೆಚ್ಚು ಬೆಲೆ.

ಎಸಳು ಮತ್ತು ಹೂಗಳನ್ನು ಆರಿಸಿ ಕಂಟ್ರೋಲ್-ಜಿ ಒತ್ತಿ ಗ್ರೂಪ್ ಮಾಡಿ. ನಂತರ ದಂಟು: 160 ಮಿ.ಮೀ. ಉದ್ದ, ಬುಡದಲ್ಲಿ 4 ಮಿ.ಮೀ., ತುದಿಗೆ ಚೂಪು, ಸ್ವಲ್ಪ ಬಾಗು. ಗೆರೆಯಾಗಿ ಎಳೆಯದೆ, ಒಳಗೆ ಬಣ್ಣ ತುಂಬಿದ ಮುಚ್ಚಿದ ಆಕಾರವಾಗಿ ಬಿಡಿಸಿದರೆ ಒಳ್ಳೆಯದು. ಎಸಳಿನ ಗ್ರೂಪನ್ನು ಆರಿಸಿ ಆಲ್ಟ್-ಡಿ ಒತ್ತಿದರೆ ಅದರ ಕ್ಲೋನ್, ಅಂದರೆ ಮೂಲವನ್ನು ತಿದ್ದಿದರೆ ತಾನೂ ಬದಲಾಗುವ ಪ್ರತಿ, ಬರುತ್ತದೆ. ಮೊದಲು ಕಿರಿದು ಮಾಡಿ, ಆಮೇಲೆ ಬುಡವನ್ನು ದಂಟಿಗೆ ತಾಗಿಸಿ, ಕೊನೆಗೆ ತಿರುಗಿಸಿ. ಈ ಕ್ರಮ ತಪ್ಪಿಸಬೇಡಿ. ಅಳತೆ ಮತ್ತು ಕೋನವನ್ನು ಕಂಟ್ರೋಲ್-ಶಿಫ್ಟ್-ಎಂ ಒತ್ತಿದಾಗ ತೆರೆಯುವ ಫಲಕದಲ್ಲಿ ಅಂಕಿಯಾಗಿಯೇ ಕೊಡಬಹುದು. ಬಲಗಡೆಯದ್ದಕ್ಕೆ ಎಚ್ ಒತ್ತಿ ಕನ್ನಡಿಯಂತೆ ಮಗುಚಿ. ಒಂಬತ್ತು ಎಸಳನ್ನೂ ಕೂರಿಸಿ ದಂಟಿನ ಸಮೇತ ಗ್ರೂಪ್ ಮಾಡಿದರೆ ಒಂದನೇ ಹಂತ ಮುಗಿಯಿತು.

ಎರಡನೇ ಹಂತಕ್ಕೆ ದಂಟನ್ನು ಹೊಸದಾಗಿ ಬಿಡಿಸಿ. ಅದೇ ಉದ್ದ, ಬಾಗು ಬೇರೆ. ಅದರ ಕೆಳಗಿನ ನಾಲ್ಕು ಕಡೆ ಒಂದನೇ ಹಂತದ ಗ್ರೂಪಿನ ಕ್ಲೋನ್, ಮೇಲಿನ ಐದು ಕಡೆ ಎಸಳಿನ ಕ್ಲೋನ್. ಮೂರನೇ ಹಂತಕ್ಕೂ ಹಾಗೆಯೇ: ಇನ್ನೊಂದು ಹೊಸ ದಂಟು, ನಾಲ್ಕು ಕಡೆ ಎರಡನೇ ಹಂತ, ಐದು ಕಡೆ ಎಸಳು. ಹಂತಕ್ಕೆ ಒಂಬತ್ತರಂತೆ ನೀವು ಕೈಯಿಂದ ಕೂರಿಸಿದ್ದು ಒಟ್ಟು 27 ಸಲ, ಬಂದದ್ದು 21 ದಂಟು, 169 ಎಸಳು, 2028 ಹೂ. ಒಳಗಿನಿಂದ ಹೊರಗೆ ಕಟ್ಟುವುದರ ಲಾಭ ಇದು. ದೊಡ್ಡ ದಂಟಿನಿಂದ ಶುರುಮಾಡಿ ಒಂದೊಂದೇ ಕವಲು ಅಂಟಿಸಿಕೊಂಡು ಹೋಗುವವರು ಅರ್ಧದಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಕೆಡುವುದು ಎಲ್ಲಿ? ಒಂದು, ತಿರುಗಿಸುವ ಕೇಂದ್ರ. ಆರಿಸಿದ ಆಕಾರದ ಮೇಲೆ ಇನ್ನೊಮ್ಮೆ ಕ್ಲಿಕ್ ಮಾಡಿದರೆ ನಡುವೆ ಕೂಡಿಸು ಗುರುತು ಕಾಣುತ್ತದೆ, ಅದನ್ನು ಎಳೆದು ಬುಡಕ್ಕೆ ತರಬೇಕು. ತರದಿದ್ದರೆ ಕವಲು ತನ್ನ ಹೊಟ್ಟೆಯ ಸುತ್ತ ತಿರುಗಿ ದಂಟಿನಿಂದ ಕಳಚಿ ಹೋಗುತ್ತದೆ. ಗ್ರೂಪ್ ಮಾಡಿದ ಕೂಡಲೇ ಹೊಸ ಗ್ರೂಪಿನ ಕೇಂದ್ರ ಮತ್ತೆ ನಡುವೆ ಬಂದಿರುತ್ತದೆ, ಹಾಗಾಗಿ ಹಂತಹಂತಕ್ಕೂ ಇದನ್ನು ನೋಡಲೇಬೇಕು. ಎರಡು, ಗೆರೆಯ ದಪ್ಪ. ಎಲ್ಲಿಯಾದರೂ ಗೆರೆ ಬಳಸಿದ್ದರೆ, ಆಕಾರ ಕಿರಿದಾದಾಗ ಗೆರೆಯೂ ಕಿರಿದಾಗುವ ಆಯ್ಕೆ ಮೇಲಿನ ಪಟ್ಟಿಯಲ್ಲಿ ಆನ್ ಇರಬೇಕು. ಇಲ್ಲದಿದ್ದರೆ ಕ್ಲೋನ್ ಅಲ್ಲದ ಆಕಾರವನ್ನು ಕಿರಿದು ಮಾಡಿದಾಗ ಗೆರೆಗೆ ಮೊದಲಿನದ್ದೇ ದಪ್ಪ ಉಳಿದು ಬರೀ ಕಲೆ ಕಾಣುತ್ತದೆ. ಮೂರನೆಯದು ಹೊಸಬರನ್ನು ಹೆಚ್ಚು ಗೋಳಾಡಿಸುವುದು: ಮೂಲವನ್ನು ಬದಿಗೆ ಸರಿಸಿದರೆ ಕ್ಲೋನುಗಳೆಲ್ಲ ಒಟ್ಟಿಗೆ ಸರಿಯುತ್ತವೆ. ಪ್ರಿಫರೆನ್ಸ್‌ನಲ್ಲಿ ಕ್ಲೋನ್ಸ್ ಎಂಬಲ್ಲಿ, ಮೂಲ ಸರಿದಾಗ ಕ್ಲೋನುಗಳು ಇದ್ದಲ್ಲಿಯೇ ಇರಲಿ ಎಂಬುದನ್ನು ಮೊದಲೇ ಆರಿಸಿಡಿ. ಮೂಲವನ್ನು ಅಳಿಸುವುದಂತೂ ಬೇಡವೇ ಬೇಡ, ಹಾಳೆಯ ಹೊರಗೆ ಇಟ್ಟುಕೊಳ್ಳಿ.

ಇಷ್ಟಾದಾಗ ಸಿಗುವುದು ಅಚ್ಚುಕಟ್ಟಾದ, ಆದರೆ ಸ್ವಲ್ಪ ಸತ್ತ ಹಿಂಗಾರ. ಕೈಗೆ ನಿಜವಾದ ಕೆಲಸ ಇರುವುದು ಈಗ. ಹೊರಗಿನ ಗ್ರೂಪಿನಲ್ಲಿರುವ ನಾಲ್ಕು ದೊಡ್ಡ ಕವಲುಗಳನ್ನು ಆರಿಸಿ ಶಿಫ್ಟ್-ಆಲ್ಟ್-ಡಿ ಒತ್ತಿದರೆ ಅವು ಮೂಲದಿಂದ ಬಿಡುಗಡೆಯಾಗುತ್ತವೆ, ಪ್ರತಿಯೊಂದನ್ನೂ ಬೇರೆಯಾಗಿ ತಿದ್ದಬಹುದು. ಒಂದನ್ನು 4 ಡಿಗ್ರಿ ಕೆಳಗೆ ಬಾಗಿಸಿ, ಇನ್ನೊಂದರ ಒಂದೆರಡು ಎಸಳು ತೆಗೆಯಿರಿ, ಒಂದರ ಮೇಲೊಂದು ಬಿದ್ದಲ್ಲಿ ಬಿಡಿಸಿ ಕೊಡಿ. ಎಡಬಲದ ಜೊತೆ ಒಂದೇ ಎತ್ತರದಲ್ಲಿದ್ದರೆ ಒಂದನ್ನು 5 ಮಿ.ಮೀ. ಮೇಲೆ ಸರಿಸಿ. ಒಳಗಿನ ಸಣ್ಣ ಹಂತಗಳನ್ನು ಮಾತ್ರ ಮುಟ್ಟಬೇಡಿ. ಕಣ್ಣು ಮೊದಲು ಹಿಡಿಯುವುದು ದೊಡ್ಡ ಕವಲುಗಳ ಹೋಲಿಕೆಯನ್ನು, ಆದ್ದರಿಂದ ವ್ಯತ್ಯಾಸ ಬೇಕಾದ್ದು ಅಲ್ಲಿ. ಸಣ್ಣವು ಒಂದೇ ತರ ಇದ್ದರೆ ಅವೇ ಲಯ ಕೊಡುತ್ತವೆ. ಕಂಪ್ಯೂಟರಿನಲ್ಲಿ ನಾಲ್ಕೇ ನಿಯಮಗಳಿಂದ ಹುಟ್ಟುವ, ಗಣಿತಜ್ಞ ಬಾರ್ನ್ಸ್‌ಲಿಯ ಜರೀಗಿಡ ಗಣಿತವಾಗಿ ಅದ್ಭುತ, ಆದರೂ ನೋಡಿದ ಕೂಡಲೇ ಕಂಪ್ಯೂಟರಿನದ್ದು ಎಂದು ಗೊತ್ತಾಗುವುದು ಅದರ ದೊಡ್ಡ ಎಲೆಗಳೂ ಪಡಿಯಚ್ಚಿನಂತಿರುವುದರಿಂದ. ಕೊನೆಗೆ ಒಡೆಯುವ ದೊಡ್ಡ ಕವಲುಗಳ ಬುಡಕ್ಕೆ ಹೆಣ್ಣು ಹೂ ಒಂದೊಂದನ್ನು ಕೈಯಲ್ಲಿ ಬಿಡಿಸಿ, ತುಸು ಹಸಿರು ಛಾಯೆಯಲ್ಲಿ.

ಬಣ್ಣ ದಂಟುದಂಟಿಗೆ ಬೇರೆ ಇರಲಿ: ಹೊರಗಿನದ್ದು ಹಸಿರು ಹೆಚ್ಚಿರುವ ಹಳದಿ, ಒಳಗೆ ಹೋದಂತೆ ಕೆನೆಬಣ್ಣ. ಹಂತಕ್ಕೊಂದು ದಂಟು ಬೇರೆಯಾಗಿ ಬಿಡಿಸಿದ್ದರಿಂದ ಮೂರೇ ಕಡೆ ಬದಲಿಸಿದರೆ ಸಾಕು, 21 ದಂಟಿಗೂ ಹರಡುತ್ತದೆ. ಬಿಡುಗಡೆ ಮಾಡಿದ ನಾಲ್ಕು ಕವಲುಗಳ ದಂಟಿಗೆ ಮಾತ್ರ ಅದು ತಲುಪುವುದಿಲ್ಲ, ಆದ್ದರಿಂದ ಬಣ್ಣ ಮೊದಲು, ಬಿಡುಗಡೆ ಆಮೇಲೆ. ಹೂಹೂವಿಗೂ ನೆರಳು, ಮಸುಕು ಹಾಕಲು ಹೋಗಬೇಡಿ. ಎರಡು ಸಾವಿರ ಸಲ ಲೆಕ್ಕ ಮಾಡಬೇಕಾಗಿ ಬಂದರೆ ಹಳೆಯ ಲ್ಯಾಪ್‌ಟಾಪ್ ಅಲ್ಲಿಯೇ ನಿಂತುಬಿಡುತ್ತದೆ.

ಕುಂಚದ ಗುಣ ಬೇಕಿದ್ದವರಿಗೆ ಕ್ರಿಟಾ ಎಂಬ ಸಾಫ್ಟ್‌ವೇರ್ ಉಂಟು. ಅದರಲ್ಲಿ ಕ್ಲೋನ್ ಲೇಯರ್, ಅದರ ಮೇಲೆ ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿದರೆ ಇದೇ ಕ್ರಮ ನಡೆಯುತ್ತದೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಮಾಡುವವರು ಒಂದು ಎಚ್ಚರ ವಹಿಸಬೇಕು: ಕಿರಿದು ಮಾಡಿದ್ದನ್ನೇ ಮತ್ತೆ ಕಿರಿದು ಮಾಡಿ, ತಿರುಗಿಸಿ, ಹೀಗೆ ಮೂರು ಸಲ ಆದರೆ ಅಂಚು ಮಸುಕಾಗುತ್ತದೆ, ಬಿಳಿ ಹಿನ್ನೆಲೆಯಿಂದ ಕತ್ತರಿಸಿದ್ದಾದರೆ ಸುತ್ತ ಬಿಳಿ ಅಂಚೂ ಉಳಿಯುತ್ತದೆ. ಎರಡು ಪಟ್ಟು ದೊಡ್ಡ ಹಾಳೆಯಲ್ಲಿ, ಪಾರದರ್ಶಕ ಹಿನ್ನೆಲೆಯ ಮೇಲೆ ಶುರುಮಾಡಿ.

ಕೇರಳದ ಶಾಲೆಗಳ ಐಟಿ ಪಠ್ಯದಲ್ಲಿ ಇಂಕ್‌ಸ್ಕೇಪ್ ಇದೆ, ಐಟಿ ಮೇಳದಲ್ಲಿ ಡಿಜಿಟಲ್ ಪೇಂಟಿಂಗ್ ಸ್ಪರ್ಧೆಯೂ ಇದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಉಪಕರಣ ಹೊಸತಲ್ಲ. ಅವರ ಕೈಗೆ ಹಿಂಗಾರ ಕೊಟ್ಟು ಬಿಡಿಸಿ ಎನ್ನುವವರು ಬೇಕು. ಹಿಂಗಾರ ಆದ ಮೇಲೆ ಹೊಳೆ ಬಿಡಿಸಬಹುದು, ಪಯಸ್ವಿನಿ ಬಂದು ಸೇರುವ ಚಂದ್ರಗಿರಿಯ ನಕ್ಷೆ ಎದುರಿಗಿಟ್ಟುಕೊಂಡು. ಅದಕ್ಕೆ ಜೊತೆಜೊತೆಯ ಕವಲು ಆಗದು, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಅಂತರದಲ್ಲಿ ಬರಬೇಕು, ಕೋನವೂ ಕಿರಿದು.

ಇನ್ನು ಅಚ್ಚುಕೂಟ. ಕೆನೆಬಣ್ಣ ಬಿಳಿ ಕಾಗದದ ಮೇಲೆ ನಿಲ್ಲುವುದಿಲ್ಲ, ಹಿನ್ನೆಲೆಗೆ ಕಡು ಹಸಿರೋ ಒಣಗಿದ ಅಡಿಕೆ ಹಾಳೆಯ ಕಂದೋ ಬೇಕು. ಗಾಢ ಹಿನ್ನೆಲೆಯಲ್ಲಿ ತಿಳಿ ಗೆರೆ ಬಿಟ್ಟರೆ ಸುತ್ತಲಿನ ಶಾಯಿ ಹರಡಿ ಗೆರೆ ಮುಚ್ಚುತ್ತದೆ, ಆದ್ದರಿಂದ ಅತಿ ಸಣ್ಣದೂ 0.2 ಮಿ.ಮೀ. ಇರಬೇಕು. ಅಂದರೆ ಮೂಲ ಎಸಳಿನ ಅಗಲವನ್ನು 10ರಿಂದ 15ಕ್ಕೆ ಏರಿಸಿ, ಕ್ಲೋನುಗಳು ತಾವೇ ದಪ್ಪವಾಗುತ್ತವೆ. ಬಿಡುಗಡೆ ಮಾಡಿದ ಕವಲುಗಳ ಒಳಗಿನ ಎಸಳುಗಳಿಗೂ ಮೂಲ ಅದೇ ಆದ್ದರಿಂದ ಅವೂ ಬದಲಾಗುತ್ತವೆ. ಪರದೆಯಲ್ಲಿ ಮಿಂಚುವ ಹಸಿರು-ನೀಲಿಗಳು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತವೆ, ಒಂದು ಪ್ರತಿ ಅಚ್ಚು ಹಾಕಿಸಿ ನೋಡದೆ ಒಪ್ಪಿಗೆ ಕೊಡಬೇಡಿ. ಫ್ಲೆಕ್ಸ್ ದೊಡ್ಡದಲ್ಲವೇ, ಇನ್ನೊಂದು ಹಂತ ಸೇರಿಸೋಣ ಎಂದು ಹೊರಡುವವರು ಈ ಲೆಕ್ಕ ನೋಡಿ: 8 ಅಡಿಗೆ 4 ಅಡಿಯ ಫ್ಲೆಕ್ಸ್ 72 ಡಿಪಿಐಯಲ್ಲಿ 6912ಕ್ಕೆ 3456 ಪಿಕ್ಸೆಲ್, ಒಂದು ಪಿಕ್ಸೆಲ್ 0.35 ಮಿ.ಮೀ. ದಂಟನ್ನು 3 ಅಡಿಗೆ ಹಿಗ್ಗಿಸಿದರೆ ಮೂಲದಲ್ಲಿ 10 ಮಿ.ಮೀ. ಅಗಲವಿದ್ದ ಎಸಳು ಮೂರನೇ ಹಂತದ ಅತಿ ಸಣ್ಣ ಕಡೆ 0.77 ಮಿ.ಮೀ., ಎರಡು ಪಿಕ್ಸೆಲ್. ನಾಲ್ಕನೆಯದು 0.23, ಒಂದು ಪಿಕ್ಸೆಲ್ಲೂ ಇಲ್ಲ. ಅಚ್ಚುಕೂಟಕ್ಕೆ ಎಸ್‌ವಿಜಿ (ತಿದ್ದಬಹುದಾದ ಮೂಲ ಕಡತ) ಕೊಟ್ಟರೆ ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯುವಾಗ ಕ್ಲೋನುಗಳು ಎಡವಟ್ಟಾಗಬಹುದು. 300 ಡಿಪಿಐಯ ಪಿಎನ್‌ಜಿ (ಪಿಕ್ಸೆಲ್ ಚಿತ್ರದ ಕಡತ) ಕೊಟ್ಟು, ಎಸ್‌ವಿಜಿಯನ್ನು ನೀವೇ ಇಟ್ಟುಕೊಳ್ಳಿ. ಮುಂದಿನ ಪತ್ರಿಕೆಗೆ ಎಸಳು ಒಂದನ್ನು ತಿದ್ದಿದರೆ ಹಿಂಗಾರ ಪೂರ್ತಿ ಹೊಸದಾಗುತ್ತದೆ.