ಇಟ್ಟು ಮರೆತುಬಿಡಿ

"ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಮರೆತುಬಿಡಿ." ಸ್ಲೋ ಕುಕ್ಕರ್ ಜೊತೆ ಬಂದ ಪುಟಾಣಿ ಪುಸ್ತಕದಲ್ಲಿ ಹೀಗೆ ಬರೆದಿತ್ತು. ಬರೆದವರ ಮನೆಯಲ್ಲಿ ಮಕ್ಕಳಿರಲಿಲ್ಲ, ಅಷ್ಟಂತೂ ಖಾತ್ರಿ.

ಕುಕ್ಕರ್ ನಮ್ಮ ಮನೆಗೆ ಬಂದದ್ದು ಬೆಂಗಳೂರಿನ ತಂಗಿಯಿಂದ. ಅವಳಿಗೆ ಯಾರೋ ಗೃಹಪ್ರವೇಶಕ್ಕೆ ಕೊಟ್ಟಿದ್ದರು, ಅವಳು ನನಗೆ ದಾಟಿಸಿದಳು. ಒಳಗೊಂದು ಪಿಂಗಾಣಿ ಪಾತ್ರೆ, ಅದರ ಸುತ್ತ ನಿಧಾನಕ್ಕೆ ಬಿಸಿಯಾಗುವ ಕವಚ, ಮೇಲೆ ಗಾಜಿನ ಮುಚ್ಚಳ. ಬರೀ 200 ವ್ಯಾಟ್. "ಇಸ್ತ್ರಿಪೆಟ್ಟಿಗೆಗೇ ಸಾವಿರ ಬೇಕು, ಇದು ಎಂತ ಬೇಯಿಸ್ತದೆ?" ಅಂತ ನಮ್ಮನೆಯವರು ಅಲ್ಲೇ ತೀರ್ಪು ಕೊಟ್ಟರು. ಅತ್ತೆ ಮಾತ್ರ ಪಾತ್ರೆಯನ್ನು ಬೆರಳಲ್ಲಿ ತಟ್ಟಿ, ಟಣ್ ಅಂದದ್ದು ಕೇಳಿ, "ಭರಣಿ ಚೆನ್ನಾಗಿದೆ" ಅಂದರು.

"ಅತ್ತೆ, ಅದು ಭರಣಿ ಅಲ್ಲ, ಕುಕ್ಕರ್."

"ಹೌದಾ" ಅಂದರು. ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಎರಡು ವರ್ಷ ಅದು ಅಟ್ಟದ ಮೇಲೆ ಅಡಿಕೆ ಚೀಲಗಳ ಪಕ್ಕ ಕೂತಿತ್ತು.

ಕೆಳಗೆ ಇಳಿಸಿದ್ದು ಮಳೆ ರಜೆ. ನಮ್ಮದು ಸಾಗರ ಸೀಮೆಯ ಒಂದು ಹಳ್ಳಿ. ಪುನರ್ವಸು ಮಳೆ ಒಮ್ಮೆ ಕಚ್ಚಿ ಹಿಡಿಯಿತು ಅಂದರೆ ನಮ್ಮ ಮಕ್ಕಳು ಬೆಳಿಗ್ಗೆ ಎದ್ದು ದೇವರ ಪಟ ನೋಡುವುದಿಲ್ಲ, ಅಪ್ಪನ ಮೊಬೈಲ್ ನೋಡುತ್ತಾರೆ. ಜಿಲ್ಲಾಧಿಕಾರಿಯ ಹೆಸರು ಅವರಿಗೆ ಮುತ್ತಜ್ಜನ ಹೆಸರಿಗಿಂತ ಚೆನ್ನಾಗಿ ಗೊತ್ತು. ಅವತ್ತು ರಜೆಯ ಮೂರನೇ ದಿನ. ಕೇರಂ ಕಾಯಿಗಳು ಅರ್ಧಕ್ಕರ್ಧ ಕಳೆದಿದ್ದವು. ಪಕ್ಕದ ಮನೆ ಹುಡುಗ ಬೇರೆ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹೊದ್ದುಕೊಂಡು ಬಂದು ಸೇರಿದ್ದ. ಅವರ ಅಜ್ಜನದಂತೆ ಆ ಗೊರಬು. ಹುಡುಗ ಕಾಣುತ್ತಲೇ ಇರಲಿಲ್ಲ, ಗೊರಬೇ ನಡೆದು ಬಂದ ಹಾಗಿತ್ತು.

ಮಗಳು ಪುಟಾಣಿ ಪುಸ್ತಕದಲ್ಲಿ ಒಂದು ಚಿತ್ರ ಹಿಡಿದು ತೋರಿಸಿದಳು. ಬಣ್ಣ ಬಣ್ಣದ ಕೇಕು. ಎರಡು ಟಿನ್ ಹಣ್ಣು ಸುರಿಯುವುದು, ಮೇಲೆ ಒಂದು ಪ್ಯಾಕೆಟ್ ಕೇಕ್ ಪುಡಿ ಉದುರಿಸುವುದು, ಬೆಣ್ಣೆ ಹಾಕಿ ಮುಚ್ಚುವುದು, ಅಷ್ಟೇ. ಕಲಸುವುದೂ ಇಲ್ಲ. ಹೆಸರೇ ಡಂಪ್ ಕೇಕ್, ಅಂದರೆ ಸುರಿದು ಬಿಡುವ ಕೇಕು. ನಮ್ಮೂರ ಅಂಗಡಿಯಲ್ಲಿ ಟಿನ್ ಅಂದರೆ ಎಣ್ಣೆ ಟಿನ್. ಹಾಗಾಗಿ ನಾನು ಸಬ್ಬಕ್ಕಿಗೆ ಇಳಿದೆ. ನೆನೆಸಿದ ಸಬ್ಬಕ್ಕಿಯನ್ನು ನಾಲ್ಕು ಬಟ್ಟಲಿಗೆ ಹಂಚಿ, ನಾಲ್ಕು ಬಣ್ಣ ಹಾಕಿ, ಪದರ ಪದರವಾಗಿ ಇಟ್ಟು ಹಾಲು ಹೊಯ್ಯುವುದು. ಸುಲಭ ಅಲ್ವಾ?

ಹಳದಿಗೆ ಅನಾನಸ್. ಹಸಿ ಅನಾನಸ್ ಹಾಲಿಗೆ ಬಿದ್ದರೆ ಕಹಿಯಾಗುತ್ತದೆ ಅಂತ ಗೊತ್ತಿದ್ದರಿಂದ ಸಕ್ಕರೆ ಹಾಕಿ ಮೊದಲೇ ಬೇಯಿಸಿಕೊಂಡೆ. ನನ್ನ ಜಾಣತನ ಅಲ್ಲಿಗೆ ಮುಗಿಯಿತು. ಕೆಂಪಿಗೆ ಬೀಟ್‌ರೂಟ್. ಹಸಿರಿಗೆ ಎಂಥದಾದರೂ ಸೊಪ್ಪು ತಾ ಅಂತ ಮಗನನ್ನು ಹಿತ್ತಿಲಿಗೆ ಕಳಿಸಿದೆ. ಅವನು ಕೈತುಂಬ ದೊಡ್ಡಪತ್ರೆ ತಂದು, ನಾನು ನೋಡುವುದರೊಳಗೆ ಮಿಕ್ಸಿಗೆ ಹಾಕಿ ತಿರುಗಿಸಿಬಿಟ್ಟಿದ್ದ. ಅಡುಗೆಮನೆ ತುಂಬ ತಂಬುಳಿ ಪರಿಮಳ.

ಉಳಿದದ್ದು ನೀಲಿ.

"ಅಪ್ಪ ಡ್ರಮ್ಮಲ್ಲಿ ನೀಲಿ ಕಲಸ್ತಾರಲ್ಲ, ಅದೇ ಒಂಚೂರು ತರ್ಲಾ?" ಅಂದ ಮಗ.

ನನ್ನ ಎದೆ ಧಸಕ್ಕೆಂದಿತು. ಅದು ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಬಿಟ್ಟು ಹೊಳವು ಸಿಕ್ಕರೆ ಎರಡನೇ ಸಲ ಔಷಧಿ ಹೊಡೆಯಬೇಕು ಅಂತ ನಮ್ಮನೆಯವರು ಮೈಲುತುತ್ತದ ಚೀಲವನ್ನು ಜಗಲಿಯಲ್ಲೇ ಇಟ್ಟುಕೊಂಡು ಆಕಾಶ ನೋಡುತ್ತಿದ್ದರು. ಚೀಲವನ್ನು ಕೂಡಲೇ ಅವರ ಕೈಯಲ್ಲೇ ಕೊಟ್ಟಿಗೆ ಅಟ್ಟಕ್ಕೆ ಹತ್ತಿಸಿದೆ. ಬೇಲಿಯ ಶಂಖಪುಷ್ಪ ನೆನಪಾದದ್ದು ಆಮೇಲೆ.

ಹತ್ತು ಹೂವು ಬಿಸಿನೀರಿಗೆ ಹಾಕಿದೆವು. ಎಸಳಿನ ಅಂಚಿನಿಂದ ನೀಲಿ ಎಳೆ ಎಳೆಯಾಗಿ ಇಳಿಯಿತು. ಐದು ನಿಮಿಷಕ್ಕೆ ಹೂವು ಬಿಳುಚಿಕೊಂಡಿತು, ನೀರು ಶಾಯಿಯ ಹಾಗಾಯಿತು. ಮೂರು ತಲೆಗಳು ಬಟ್ಟಲಿನ ಮೇಲೆ. ನಾನು ಸುಮ್ನೆ ಇರಬಹುದಿತ್ತು. ಟೀಚರ್ ಆಗುವ ಆಸೆ ಬಂತು. ಒಂದು ಲೋಟಕ್ಕೆ ಆ ನೀರು ಬಗ್ಗಿಸಿ, ಮನೆಯಲ್ಲಿದ್ದ ಒಂದೇ ಒಂದು ನಿಂಬೆಹಣ್ಣು ಹಿಂಡಿದೆ. ನೀಲಿ ಕಣ್ಣೆದುರೇ ನೇರಳೆಯಾಯಿತು. "ಹುಳಿ ಬಿದ್ದರೆ ಹೀಗಾಗೋದು" ಅಂತ ಪಾಠವನ್ನೂ ಮಾಡಿದೆ.

ಹತ್ತೂವರೆಗೆ ಪದರಗಳನ್ನು ಇಟ್ಟು, ಹಾಲು ಹೊಯ್ದು, ಸ್ವಿಚ್ ಹಾಕಿದೆ. ನೋಡಲು ನಿಜವಾಗಿ ಚೆನ್ನಾಗಿತ್ತು. ಇನ್ನು ಮರೆಯುವುದೊಂದೇ ಬಾಕಿ.

ಆದರೆ ಹಬೆಗೆ ಗಾಜು ಮಂಜಾಯಿತು. ಒಳಗೆ ಎಂತ ಆಗ್ತಿದೆ ಅಂತ ಕಾಣದಿದ್ದರೆ ಮಕ್ಕಳು ಹೇಗೆ ಬಿಡುತ್ತಾರೆ? ಈ ಕುಕ್ಕರಿನ ಬಿಸಿಯೇ ಕಮ್ಮಿ. ಮುಚ್ಚಳ ತೆಗೆದಾಗ ಹೋದ ಶಾಖ ಮತ್ತೆ ಕೂಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಒಂದು ಸಲ ತೆಗೆದರೆ 20 ನಿಮಿಷ ಜಾಸ್ತಿ ಬೇಯಿಸಿ ಅಂತ ಪುಸ್ತಕದಲ್ಲಿತ್ತು. ಹನ್ನೆರಡು ಗಂಟೆಯೊಳಗೆ ನಾನು ಕಂಡಿದ್ದೇ ಒಂಬತ್ತು ಸಲ ತೆಗೆದಿದ್ದರು. ಒಂಬತ್ತಿಪ್ಪತ್ತಲೆ 180 ನಿಮಿಷ, ಅಂದರೆ ಮೂರು ಗಂಟೆ. ಬೇಯಲಿಕ್ಕೆ ಇಟ್ಟು ಆಗಿದ್ದು ಒಂದೂವರೆ ಗಂಟೆ. ಲೆಕ್ಕದ ಪ್ರಕಾರ ನಮ್ಮ ಪಾಯಸ ಶುರುವಾಗುವುದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು.

ಬಟ್ಟೆ ಒಣಗಿತಾ ಅಂತ ನೋಡಲು ಬಚ್ಚಲಿಗೆ ಹೋದೆ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದು ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ, ಹಾಗಾಗಿ ಮನೆಮಂದಿಯೆಲ್ಲ ಹೊಗೆ ವಾಸನೆ. ವಾಪಸ್ ಬರುವಾಗ ಅಡುಗೆಮನೆಯಲ್ಲಿ ಸದ್ದಿಲ್ಲ. ಮಕ್ಕಳ ವಿಷಯದಲ್ಲಿ ಸದ್ದಿಲ್ಲ ಅಂದರೆ ಓಡಬೇಕು. ಓಡಿದೆ. ಮಗಳ ಕೈಯಲ್ಲಿ ಮುರುಗಲು ಶರಬತ್ತಿನ ಬಾಟಲಿ, ಮುಕ್ಕಾಲು ಖಾಲಿ.

"ನಿಂಬೆಹಣ್ಣು ಖಾಲಿ ಆಗಿತ್ತಲ್ಲ ಅಮ್ಮ. ಇದೂ ಹುಳೀನೇ ಅಲ್ವಾ?"

ಪಾಠ ಸರಿಯಾಗಿಯೇ ತಲೆಗೆ ಹೋಗಿತ್ತು. ಹಾಲು ಗಟ್ಟಿ ಗಟ್ಟಿಯಾಗಿ ಒಡೆದು ತೇಲುತ್ತಿತ್ತು. ಹುಡುಗ ಸೌಟು ಹಾಕಿ ತಳದಿಂದ ತಿರುವಿದ್ದ. ಹಳದಿ, ಹಸಿರು, ಕೆಂಪು, ನೀಲಿ ಎಲ್ಲ ಸೇರಿ ಹೊಳೆಗೆ ಹೊಸ ನೀರು ಬಂದಾಗಿನ ಬಣ್ಣ. ಅಷ್ಟರಲ್ಲಿ ಎಲ್ಲೋ ಮರ ಮುರಿದ ಸದ್ದಾಯಿತು. ಕುಕ್ಕರಿನ ಕೆಂಪು ದೀಪ ಆರಿತು.

ಲಿಂಗನಮಕ್ಕಿ ಇರುವುದು ನಮ್ಮ ತಾಲ್ಲೂಕಿನಲ್ಲೇ. 1964ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ತುಂಬಿದರೆ 1819 ಅಡಿ. ಇವತ್ತು ಎಷ್ಟಡಿ ಬಂತು ಅಂತ ನಮ್ಮನೆಯವರು ದಿನಾ ಕೇಳಿಸಿಕೊಂಡು ಆಗಷ್ಟೇ ಹುಟ್ಟಿದ ಮೊಮ್ಮಗನ ತೂಕದ ಹಾಗೆ ಎಲ್ಲರಿಗೂ ಹೇಳುತ್ತಾರೆ. ಆ ನೀರಲ್ಲಿ ನಾಡಿಗೆಲ್ಲ ಕರೆಂಟು. ಅಣೆಕಟ್ಟು ತುಂಬಿಸುವ ಮಳೆಗೇ ನಮ್ಮ ಮನೆ ಕರೆಂಟು ಹೋಗುವುದು. ಲೈನ್‌ಮ್ಯಾನ್ ಪಾಪ ಈ ಮಳೆಯಲ್ಲಿ ಯಾವ ಮರ ಅಂತ ಹುಡುಕುತ್ತಾರೆ?

ಅತ್ತೆ ಬಂದು ಇಣುಕಿ ನೋಡಿದರು. ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದರು.

"ಎಂತ ಕಷಾಯ ಮಾಡಿದೀಯೆ?"

"ಪಾಯಸ, ಅತ್ತೆ."

"ಓ" ಅಂದು, ಅಷ್ಟನ್ನೂ ಒಂದು ದಪ್ಪ ತಳದ ಪಾತ್ರೆಗೆ ಬಗ್ಗಿಸಿ ಬಚ್ಚಲಿಗೆ ನಡೆದರು. ಹಲಸಿನ ಬೀಜ ಸುಡುವ ಕೆಂಡವನ್ನು ಮುಂದಕ್ಕೆ ಎಳೆದು, ಪಾತ್ರೆ ಇಟ್ಟು, ಎರಡು ಅಚ್ಚು ಬೆಲ್ಲ, ಏಲಕ್ಕಿ, ತುಪ್ಪ ಹಾಕಿದರು. ಮಣೆ ಹಾಕಿಕೊಂಡು ಕೂತರು. ಮುಚ್ಚಳವೇ ಇಲ್ಲದ್ದರಿಂದ ಮಕ್ಕಳಿಗೆ ತೆಗೆಯುವ ಕೆಲಸ ಇರಲಿಲ್ಲ, ಅವರೂ ಒಲೆ ಮುಂದೆ ಕೈ ಕಾಯಿಸಿಕೊಳ್ಳುತ್ತ ಕೂತರು. ಸಂಜೆ ಹೊತ್ತಿಗೆ ಅದು ತಳ ಬಿಟ್ಟು ಬಂತು. ತಟ್ಟೆಗೆ ಹೊಯ್ದು, ಆರಿದ ಮೇಲೆ ಹಾಲುಬಾಯಿ ಸಿಹಿಯನ್ನು ಕೊಯ್ದ ಹಾಗೆ ಕೊಯ್ದರು. ಬಣ್ಣದ ಬಗ್ಗೆ ಕೇಳಬೇಡಿ. ಬಾಯಿಗೆ ಇಟ್ಟರೆ ಮೊದಲು ಗಿಣ್ಣು, ಆಮೇಲೆ ಹುಳಿ, ಕೊನೆಗೆ ದೊಡ್ಡಪತ್ರೆ.

"ನೆಗಡಿಗೆ ಒಳ್ಳೇದು" ಅಂದರು ನಮ್ಮನೆಯವರು, ಮೂರನೆಯದು ತಿನ್ನುತ್ತ. ಮಕ್ಕಳು ತಟ್ಟೆ ಕೆರೆದರು.

ನಾಲ್ಕು ದಿನ ಬಿಟ್ಟು ಕುಕ್ಕರನ್ನು ಅಟ್ಟಕ್ಕೆ ಏರಿಸೋಣ ಅಂತ ಹುಡುಕಿದರೆ ಕವಚ ಒಂದೇ ಇತ್ತು. ಪಿಂಗಾಣಿ ಪಾತ್ರೆ ಉಗ್ರಾಣದಲ್ಲಿ, ಅಪ್ಪೆಮಿಡಿ ತುಂಬಿಕೊಂಡು ಹಳೇ ಭರಣಿಗಳ ಸಾಲಿನಲ್ಲಿ ಕೂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗಾಜನ್ನು ಸೆರಗಿನಲ್ಲಿ ಒರೆಸಿ ತೋರಿಸಿದರು.

"ನೋಡು, ಮುಚ್ಚಳ ತೆಗೀದೇನೇ ಒಳಗೆ ಎಲ್ಲಾ ಕಾಣ್ತದೆ."