ಫಾರಂ ನಾವು ತುಂಬೋಣ, ಲಾಗ್ ಬುಕ್ ಮಕ್ಕಳು ಬರೆಯಲಿ

ಸ್ಕೌಟ್, ಗೈಡ್ ಮಕ್ಕಳ ರಾಷ್ಟ್ರಪತಿ ಪುರಸ್ಕಾರದ ಪರೀಕ್ಷಾ ಶಿಬಿರ ಹತ್ತಿರ ಬಂತು ಅಂದರೆ ನಮ್ಮ ಕಡೆ ಎಷ್ಟೋ ಸ್ಟಾಫ್ ರೂಮುಗಳಲ್ಲಿ ಒಂದೇ ದೃಶ್ಯ. ಮಕ್ಕಳು ತಾವು ಮಾಡಿದ್ದನ್ನು ತಾವೇ ಬರೆದಿಡಬೇಕಾದ ಲಾಗ್ ಬುಕ್ಕನ್ನು ಮೇಷ್ಟ್ರು ಕೂತು ಬರೆಯುತ್ತಿರುತ್ತಾರೆ, ಚಿತ್ರ ಅಂಟಿಸುತ್ತಿರುತ್ತಾರೆ, ಕೆಂಪು ಪೆನ್ನಲ್ಲಿ ಗೆರೆ ಎಳೆಯುತ್ತಿರುತ್ತಾರೆ. ಮಕ್ಕಳು ಮಾತ್ರ ಸೀಲು, ಸಹಿ, ಝೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ ಅಂತ ಬಸ್ ಹತ್ತಿ ಇಳಿದು ಅಲೆಯುತ್ತಿರುತ್ತಾರೆ. ಎರಡೂ ಉಲ್ಟಾ ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸ್ಕೌಟ್ ಮಾಸ್ಟರ್ ಆಗಿದ್ದೇನೆ. ಮಂಡ್ಯ, ಮೈಸೂರಿನ ಸಹೋದ್ಯೋಗಿಗಳು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಪೋಷಕರೂ ಓದಿದರೆ ಇನ್ನೂ ಒಳ್ಳೆಯದು.

ಸ್ಕೌಟ್ ಅಂದರೆ ಆಗಸ್ಟ್ ಹದಿನೈದಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಸಾಲಾಗಿ ನಿಲ್ಲುವುದು, ದಸರಾ ಮೆರವಣಿಗೆಯಲ್ಲಿ ನಡೆಯುವುದು ಅಂತಷ್ಟೇ ಗೊತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಮಗು 10 ವರ್ಷಕ್ಕೆ ಸ್ಕೌಟ್ ಅಥವಾ, ಹುಡುಗಿಯಾದರೆ, ಗೈಡ್ ಆಗಬಹುದು. ಮೊದಲು ಪ್ರವೇಶ. ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅಂದರೆ ಮೆಟ್ಟಿಲು. ಅದಾದ ಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಷ್ಟು ತಿಂಗಳು ಕೆಲಸ ಮಾಡಿರಬೇಕು ಅಂತ ನಿಯಮ ಇದೆ. ಹಾರಿ ಹೋಗುವ ಹಾಗಿಲ್ಲ. ಪ್ರಥಮ ಚಿಕಿತ್ಸೆ, ಗಂಟುಗಳು, ನಕ್ಷೆ, ದಿಕ್ಸೂಚಿ, ಅಂದಾಜು ಅಳತೆ, ಅಡುಗೆ, ಶಿಬಿರ ಜೀವನ, ಸೇವೆ ಎಲ್ಲ ಸೇರಿ ವರ್ಷಗಟ್ಟಲೆ ಕೆಲಸ ಅದು.

ಈಗ ಲೆಕ್ಕ ಹಾಕಿ. ಎಂಟನೇ ತರಗತಿಗೆ ಬಂದ ಮೇಲೆ ಪ್ರವೇಶ ಮಾಡಿಸಿದರೆ ಹತ್ತನೇ ತರಗತಿ ಮುಗಿಯುವುದರೊಳಗೆ ಅಷ್ಟೂ ಮೆಟ್ಟಿಲು ಹತ್ತುವುದು ಹೇಗೆ? ವಯಸ್ಸಿದೆ, ಪಿಯುನಲ್ಲಿ ಮುಂದುವರಿಸಬಹುದು ಅನ್ನಬಹುದು. ಆದರೆ ಎಷ್ಟು ಪಿಯು ಕಾಲೇಜುಗಳಲ್ಲಿ ನಡೆಯುತ್ತಿರುವ ಸ್ಕೌಟ್ ದಳ ಇದೆ ಹೇಳಿ. ಹಳ್ಳಿ ಹುಡುಗ ಬೆಳಿಗ್ಗೆ ಬಸ್ಸಿಗೆ ಹೊರಟರೆ ಸಂಜೆ ಕತ್ತಲಾದ ಮೇಲೆ ಮನೆಗೆ ಬರುತ್ತಾನೆ. ಹಾಗಾಗಿ ಹೈಸ್ಕೂಲು ಬಿಟ್ಟರೆ ಬಹಳ ಮಕ್ಕಳಿಗೆ ಬೇರೆ ಅವಕಾಶವೇ ಇರುವುದಿಲ್ಲ.

ನನ್ನ ಮಟ್ಟಿಗೆ ದೊಡ್ಡವರ ಕೆಲಸ ಶುರುವಾಗುವುದು ಇಲ್ಲೇ, ಕ್ಯಾಲೆಂಡರ್ ಹಿಡಿದುಕೊಂಡು. ಮಕ್ಕಳಿಗೆ ಗಂಟು ಕಲಿಸುವುದಕ್ಕಿಂತ ಮೊದಲಿನ ಮಾತು ಇದು. ಯಾವ ಮಗು ಯಾವ ತಿಂಗಳು ಯಾವ ಸೋಪಾನ ಮುಗಿಸಿತು, ಮುಂದಿನದಕ್ಕೆ ಯಾವಾಗ ಅರ್ಹ, ಹೆಸರು ಕಳಿಸಲು ಕೊನೇ ದಿನ ಯಾವುದು, ಜಿಲ್ಲಾ ಸಂಸ್ಥೆಯಿಂದ ಯಾವ ಸುತ್ತೋಲೆ ಬಂದಿದೆ, ದಳದ ನೋಂದಣಿ ನವೀಕರಣ ಆಗಿದೆಯೋ ಇಲ್ಲವೋ. ಹದಿಮೂರು ವರ್ಷದ ಮಗು ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕು ಅಂತ ಬಯಸುವುದು ತಪ್ಪು. ಚೆನ್ನಾಗಿ ಕೆಲಸ ಮಾಡಿದ ಮಗು ಒಂದು ದಿನಾಂಕ ತಪ್ಪಿದ್ದಕ್ಕೆ ಒಂದು ವರ್ಷ ಕಳೆದುಕೊಂಡರೆ ಅದಕ್ಕಿಂತ ಬೇಜಾರು ಇನ್ನೊಂದಿಲ್ಲ.

ಇನ್ನೊಂದು ಕಡೆ ಕೊಂಡಿ ಕಳಚುತ್ತದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಮ್ಮ ಬಹುಪಾಲು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ನಿಲ್ಲುತ್ತವೆ. ಐದು, ಆರು, ಏಳನೇ ತರಗತಿಯಲ್ಲಿ ಯಾರೋ ಒಬ್ಬ ಶಿಕ್ಷಕಿ ಕಷ್ಟಪಟ್ಟು ದ್ವಿತೀಯ ಸೋಪಾನದವರೆಗೆ ತಂದಿರುತ್ತಾರೆ. ಮಗು ಟಿಸಿ ತೆಗೆದುಕೊಂಡು ಪಕ್ಕದ ಊರಿನ ಹೈಸ್ಕೂಲಿಗೆ ಬರುತ್ತದೆ. ಟಿಸಿಯಲ್ಲಿ ಜಾತಿ, ಜನ್ಮ ದಿನಾಂಕ, ಹಾಜರಾತಿ ಎಲ್ಲ ಇರುತ್ತದೆ, ಈ ಮಗು ದ್ವಿತೀಯ ಸೋಪಾನ ಮುಗಿಸಿದೆ ಅನ್ನುವುದು ಇರುವುದಿಲ್ಲ. ಹೈಸ್ಕೂಲಿನವರು ಕೇಳುವುದಿಲ್ಲ, ಮಗು ಸಂಕೋಚಕ್ಕೆ ಹೇಳುವುದಿಲ್ಲ. ಮತ್ತೆ ಪ್ರವೇಶದಿಂದ ಶುರು! ಇಲ್ಲಾ ಅಂದರೆ ಅಲ್ಲಿಗೇ ಬಿಟ್ಟು ಹೋಗುತ್ತದೆ.

ಇದಕ್ಕೆ ದುಡ್ಡು ಬೇಡ, ಆದೇಶ ಬೇಡ. ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ಯಾರ್ಯಾರು ಕಬ್, ಬುಲ್‌ಬುಲ್ (ಹತ್ತು ವರ್ಷದೊಳಗಿನ ಮಕ್ಕಳ ವಿಭಾಗಗಳು), ಸ್ಕೌಟ್, ಗೈಡ್ ಆಗಿದ್ದಿರಿ ಅಂತ ಕೇಳಿ ಒಂದು ಪಟ್ಟಿ ಮಾಡಿಕೊಳ್ಳಿ. ಆಮೇಲೆ ಸುತ್ತಲಿನ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಒಂದೊಂದು ಫೋನ್ ಮಾಡಿ ಸರ್ಟಿಫಿಕೇಟು, ದಾಖಲೆಯ ಪ್ರತಿ ತರಿಸಿಕೊಳ್ಳಿ. ಪ್ರಾಥಮಿಕ ಶಾಲೆಯವರಾದರೆ ಟಿಸಿ ಜೊತೆಗೇ ಒಂದು ಹಾಳೆ ಬರೆದು ಕೊಟ್ಟುಬಿಡಿ. ವರ್ಗಾವಣೆಗೂ ಇದೇ ಮಾತು. ಕೌನ್ಸೆಲಿಂಗ್ ಆಗಿ ಸ್ಕೌಟ್ ಮಾಸ್ಟರ್ ಬೇರೆ ತಾಲ್ಲೂಕಿಗೆ ಹೋದರೆ ಅವರ ಜೊತೆ ದಳವೂ ಹೋಗಿಬಿಡುತ್ತದೆ. ಬೀರುವಿನಲ್ಲಿ ಹಗ್ಗ, ಕೋಲು, ಬಾವುಟ ಉಳಿಯುತ್ತವೆ, ಯಾರು ಎಲ್ಲಿವರೆಗೆ ಬಂದಿದ್ದರು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಹೋಗುವ ಮೇಷ್ಟ್ರು ಚಾರ್ಜ್ ಕೊಡುವಾಗ ಯಾರು ಎಲ್ಲಿವರೆಗೆ ಬಂದಿದ್ದಾರೆ ಅಂತ ಬರೆದಿಟ್ಟ ರಿಜಿಸ್ಟರನ್ನೂ ಕೊಡಬೇಕು, ಬರುವವರು ಕೇಳಿ ಪಡೆಯಬೇಕು. ಮುಖ್ಯ ಶಿಕ್ಷಕರು ಮನಸ್ಸು ಮಾಡಿದರೆ ಆಗುವ ಕೆಲಸ.

ಇನ್ನು ಪೋಷಕರು. ಹತ್ತನೇ ತರಗತಿ ಶುರುವಾದ ಕೂಡಲೇ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. "ಮೇಷ್ಟ್ರೇ, ಹತ್ನೇ ಕ್ಲಾಸು ಕಣಿ, ಈ ವರ್ಸ ಕ್ಯಾಂಪು ಗೀಂಪು ಏನೂ ಬ್ಯಾಡ, ಬುಟ್ಬುಡಿ" ಅನ್ನುತ್ತಾರೆ. ಅವರ ಮೇಲೆ ನನಗೆ ಒಂಚೂರೂ ಕೋಪ ಇಲ್ಲ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ಮಗನ ಎಸ್‌ಎಸ್‌ಎಲ್‌ಸಿ ಅಂಕ ಎಷ್ಟು ದೊಡ್ಡದು ಅಂತ ನಮಗೆಲ್ಲ ಗೊತ್ತು. ಆದರೆ ಆ ಮಾತುಕತೆ ಹತ್ತನೇ ತರಗತಿಯ ಗೇಟಿನಲ್ಲಿ ಆಗಬಾರದು. ಎಂಟನೇ ತರಗತಿಯಲ್ಲೇ ಅವರ ಮನೆ ಜಗಲಿ ಮೇಲೆ ಆಗಬೇಕು. ಇಷ್ಟು ದಿನ ಶಿಬಿರ ಇರುತ್ತದೆ, ಇಷ್ಟು ಖರ್ಚು ಬರುತ್ತದೆ, ಭಾರದ ಕೆಲಸವನ್ನೆಲ್ಲ ಒಂಬತ್ತರಲ್ಲೇ ಮುಗಿಸುತ್ತೇವೆ, ಪರೀಕ್ಷೆ ಹತ್ತಿರ ಮಗುವನ್ನು ಎಲ್ಲಿಗೂ ಕರೆಯುವುದಿಲ್ಲ. ಇಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳಿ, ಹೇಳಿದ ಹಾಗೇ ನಡೆದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

"ಇದರಿಂದ ಏನು ಸಿಗುತ್ತದೆ" ಅಂತ ಕೇಳುತ್ತಾರೆ. ಕೇಳಲಿ, ಕೇಳುವ ಹಕ್ಕಿದೆ. ರೈಲ್ವೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ, ರಾಷ್ಟ್ರಪತಿ ಪುರಸ್ಕಾರ ಪಡೆದವರು ಅದಕ್ಕೆ ಅರ್ಜಿ ಹಾಕಬಹುದು. ಆದರೆ ಹುದ್ದೆಗಳು ಕಡಿಮೆ, ಆಮೇಲೂ ಸ್ಕೌಟ್ ಸಂಸ್ಥೆಯಲ್ಲಿ ಸಕ್ರಿಯವಾಗಿ ಇರಬೇಕು, ಬೇರೆ ವಿದ್ಯಾರ್ಹತೆಯೂ ಬೇಕು. ಕೆಲವರು "ಪುರಸ್ಕಾರ ಬಂದರೆ ಕೆಲಸ ಗ್ಯಾರಂಟಿ" ಅಂತ ಪೋಷಕರಿಗೆ ಆಸೆ ಹುಟ್ಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಜ ಹೇಳಿದರೂ ಪೋಷಕರು ಒಪ್ಪುತ್ತಾರೆ. ಮಗಳು ನಾಲ್ಕು ಜನರ ಮುಂದೆ ಧೈರ್ಯವಾಗಿ ಮಾತಾಡುವುದನ್ನು, ಮಗ ತಟ್ಟೆ ತೊಳೆದು ಇಡುವುದನ್ನು ಮನೆಯವರು ನಮಗಿಂತ ಮೊದಲು ಗಮನಿಸಿರುತ್ತಾರೆ.

ಈಗ ಲಾಗ್ ಬುಕ್ ವಿಚಾರಕ್ಕೆ ಬರುತ್ತೇನೆ. ಮೇಷ್ಟ್ರು ಬರೆದುಕೊಟ್ಟ ಲಾಗ್ ಬುಕ್ ನೋಡಲು ಚೆಂದ. ಮುತ್ತಿನಂಥ ಅಕ್ಷರ, ಬಣ್ಣದ ಗಡಿ. ಶಿಬಿರದಲ್ಲಿ ಪರೀಕ್ಷಕರು "ಈ ಮರದ ಎತ್ತರ ಹೇಗೆ ಅಳೆದೆ" ಅಂತ ಕೇಳಿದರೆ ಮಗು ಬಾಯಿಪಾಠದ ಸೂತ್ರ ಒಪ್ಪಿಸುತ್ತದೆ, ಅಳತೆ ಗೊತ್ತಿರುವುದಿಲ್ಲ. ನಮ್ಮಲ್ಲಿ ತೆಂಗಿನ ಮರಕ್ಕೇನು ಬರ ಇದೆಯಾ? ಐದು ಅಡಿಯ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ನೆರಳು ನಾಲ್ಕು ಅಡಿ ಬಂತು ಅಂದುಕೊಳ್ಳಿ. ಅದೇ ಹೊತ್ತಿನಲ್ಲಿ ಮರದ ನೆರಳು 32 ಅಡಿ ಇದ್ದರೆ ಮರ 40 ಅಡಿ. ಇದನ್ನು ಮಗು ಒಂದು ಸಲ ತೋಟದಲ್ಲಿ ಮಾಡಿ, ತಪ್ಪು ಮಾಡಿ, ಜೊತೆಯವನ ಲೆಕ್ಕದ ಜೊತೆ ಹೋಲಿಸಿ ಜಗಳ ಆಡಿ, ಆಮೇಲೆ ತನ್ನದೇ ಸೊಟ್ಟ ಅಕ್ಷರದಲ್ಲಿ ಬರೆಯಲಿ. ಆ ಸೊಟ್ಟ ಅಕ್ಷರದ ಪುಟವನ್ನು ಯಾವ ಪರೀಕ್ಷಕರು ಹೇಗೆ ತಿರುಗಿಸಿ ಕೇಳಿದರೂ ಮಗು ಹೆದರುವುದಿಲ್ಲ. ಕಾಗುಣಿತ ತಿದ್ದಿ, ಬಿಟ್ಟುಹೋದದ್ದನ್ನು ಕೇಳಿ, ಅಷ್ಟು ಸಾಕು. ಪೆನ್ನು ಮಾತ್ರ ಕಸಿದುಕೊಳ್ಳಬೇಡಿ.

ಗಂಟುಗಳದ್ದೂ ಅದೇ ಕಥೆ. ಬೋಲೈನ್ ಅನ್ನುವ ಗಂಟಿನ ಕುಣಿಕೆ ಎಷ್ಟೇ ಎಳೆದರೂ ಬಿಗಿಯುವುದಿಲ್ಲ. ಅದಕ್ಕೇ ನೀರಿಗೆ ಬಿದ್ದವರ ಸೊಂಟಕ್ಕೆ ಹಾಕಿ ಎಳೆಯಲು ಅದು ಬೇಕು. ಇದನ್ನು ಮೇಜಿನ ಮೇಲೆ ಒಂದು ಮೊಳ ನೂಲಿನಲ್ಲಿ ಕಲಿಸಿ ಟಿಕ್ ಹಾಕಿ ಮುಗಿಸುತ್ತೇವೆ. ನಾವು ಇರುವುದು ನಾಲೆಗಳ ಜಿಲ್ಲೆಯಲ್ಲಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಶನಿವಾರ, ಬೆಳಗಿನ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅಂಥ ಹೊತ್ತಿನಲ್ಲಿ ಮಕ್ಕಳು ನೀರಿಗೆ ಹಾರಬೇಕು ಅಂತ ನಾನು ಹೇಳುತ್ತಿಲ್ಲ, ಖಂಡಿತ ಹಾರಬಾರದು. ದಡದಲ್ಲೇ ನಿಂತು ಹಗ್ಗ ಎಸೆಯುವುದು, ದೊಡ್ಡವರನ್ನು ಕೂಗುವುದು, 112ಕ್ಕೆ ಫೋನ್ ಮಾಡುವುದು, ಉಸಿರು ನೋಡುವುದು, ಇಷ್ಟು ಗೊತ್ತಿರಲಿ. ನಾಲೆ ಏರಿಯ ಊರಿನ ಮಗುವಿಗೆ ಬೋಲೈನ್ ಕಲಿಸುವಾಗ ಯಾಕೆ ಕಲಿಯಬೇಕು ಅಂತ ಬೇರೆ ಪಾಠ ಬೇಕಾಗುವುದಿಲ್ಲ. ಮೈದಾನದಲ್ಲಿ, ನಿಜವಾದ ಹಗ್ಗದಲ್ಲಿ, ಜೊತೆಯವನ ಸೊಂಟಕ್ಕೆ ಕಟ್ಟಿಸಿ.

ಸೇವೆಯ ವಿಷಯದಲ್ಲಿ ದೊಡ್ಡವರ ಕೈ ಇನ್ನೂ ಜಾಸ್ತಿ ಉದ್ದ. ನಮಗೆ ಫೋಟೊ ಬೇಕು. ಗಿಡ ನೆಡುವುದು, ಬ್ಯಾನರ್ ಹಿಡಿಯುವುದು, ಕಸ ಗುಡಿಸುವುದು. ನಮ್ಮ ಒಬ್ಬ ಹುಡುಗನಿಗೆ ಬೇರೆಯೇ ಹೊಳೆದಿತ್ತು. ಅವನ ಊರಿನ ಸಣ್ಣ ಮಕ್ಕಳು ನಾಲೆ ಏರಿ ಮೇಲೆ ಆಡಿಕೊಂಡು ಶಾಲೆಗೆ ಬರುತ್ತಾರೆ. ಅವರನ್ನು ಏರಿಯ ಮೇಲೆ ನೀರಿನಿಂದ ದೂರದ ಬದಿಗೆ ಸಾಲು ಮಾಡಿಸಿಕೊಂಡು ದಿನಾ ತಾನೇ ಕರೆತರುತ್ತೇನೆ ಅಂದ. ಫೋಟೊದಲ್ಲಿ ಏನೂ ಕಾಣದ ಕೆಲಸ. "ಇದೂ ಒಂದು ಸೇವೆನಾ, ಬರೆಯೋಕೆ ಏನಿದೆ" ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂತು. ನಾನು ಅವನ ಪರವಾಗಿ ನಿಂತೆ. ಮಳೆಗಾಲ, ಚಳಿಗಾಲ ಎರಡೂ ಕಳೆದರೂ ಹುಡುಗ ಬಿಡಲಿಲ್ಲ. ಯಾವ ಮಗು ಬರಲಿಲ್ಲ, ಯಾಕೆ ಬರಲಿಲ್ಲ, ಯಾರು ಚಪ್ಪಲಿ ನಾಲೆಗೆ ಬೀಳಿಸಿ ಅತ್ತರು ಅಂತ ಅವನು ಬರೆದುಕೊಂಡ ಪುಟಗಳನ್ನು ಈಗಲೂ ಹೊಸ ಮಕ್ಕಳಿಗೆ ತೋರಿಸುತ್ತೇನೆ. ಮಗುವಿನ ಯೋಚನೆ ಚಿಕ್ಕದಾಗಿ ಕಂಡರೆ ತಳ್ಳಿಹಾಕಬೇಡಿ. ಅದರಿಂದ ಯಾರಿಗೆ ಅನುಕೂಲ ಅಂತ ಅವರನ್ನೇ ಕೇಳಿ. ಉತ್ತರ ಸಿಕ್ಕಿದರೆ ದಾರಿ ಬಿಡಿ.

ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೋವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗ ಹುಡುಗರನ್ನು ನಾಲ್ಕು ಪೆಟ್ರೋಲ್, ಅಂದರೆ ಸಣ್ಣ ತಂಡ, ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದರು. ಎರಡೇ ವರ್ಷಕ್ಕೆ, 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ ಸ್ಕೌಟಿಂಗ್ ಶುರುವಾಯಿತು. ನೂರು ವರ್ಷ ದಾಟಿದರೂ ಆ ಪೆಟ್ರೋಲ್ ಲೀಡರನ್ನು ನಾವು ಹಾಜರಿ ಕೂಗುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ರಾಜ್ಯ ಪುರಸ್ಕಾರ ಮುಗಿಸಿದ ಮಗುವಿಗೆ ಪ್ರವೇಶದ ಮಕ್ಕಳನ್ನು ಕಲಿಸಲು ಬಿಡಿ. ಇನ್ನೊಬ್ಬರಿಗೆ ಕಲಿಸಿದಾಗ ತನಗೆ ಎಲ್ಲಿ ಬರುವುದಿಲ್ಲ ಅಂತ ತಾನೇ ಕಂಡುಕೊಳ್ಳುತ್ತದೆ. ನಮ್ಮ ಎಷ್ಟು ರಿವಿಷನ್‌ಗೂ ಆ ಶಕ್ತಿ ಇಲ್ಲ.

ಹೆಣ್ಣುಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಗೈಡ್‌ಗಳು ತೃತೀಯ ಸೋಪಾನದವರೆಗೆ ಹುಮ್ಮಸ್ಸಿನಿಂದ ಬಂದು, ರಾತ್ರಿ ಉಳಿಯುವ ಶಿಬಿರ ಬಂದ ಕೂಡಲೇ ನಿಂತುಬಿಡುತ್ತಾರೆ. ಕಾರಣ ಅವರ ಆಸಕ್ತಿ ಅಲ್ಲ. ಶೌಚಾಲಯಕ್ಕೆ ಚಿಲಕ ಇದೆಯಾ, ನೀರು ಇದೆಯಾ, ಮುಟ್ಟಾದರೆ ಯಾರಿಗೆ ಹೇಳಬೇಕು, ಜೊತೆಗೆ ಬರುವ ಮೇಡಂ ಯಾರು, ರಾತ್ರಿ ಮನೆಗೆ ಫೋನ್ ಮಾಡಬಹುದಾ, ಈ ಪ್ರಶ್ನೆಗಳಿಗೆ ಯಾರೂ ಮುಂಚೆಯೇ ಉತ್ತರ ಕೊಟ್ಟಿರುವುದಿಲ್ಲ. ಗೈಡ್ ಕ್ಯಾಪ್ಟನ್, ಅಂದರೆ ಗೈಡ್‌ಗಳನ್ನು ನೋಡಿಕೊಳ್ಳುವ ಮೇಡಂ, ಶಿಬಿರದ ಜಾಗವನ್ನು ಮೊದಲೇ ನೋಡಿ ಬರಲಿ. ಆಗುವುದಾದರೆ ಒಬ್ಬಿಬ್ಬರು ತಾಯಂದಿರನ್ನೂ ಕರೆದುಕೊಂಡು ಹೋಗಲಿ. ಒಬ್ಬ ತಾಯಿ ನೋಡಿ ಬಂದು ಬೀದಿಯಲ್ಲಿ ಹೇಳಿದರೆ ನಮ್ಮ ಹತ್ತು ಸುತ್ತೋಲೆಗೆ ಸಮ.

ಪರೀಕ್ಷೆಯಲ್ಲಿ ಆಗದೆ ವಾಪಸ್ ಬರುವ ಮಕ್ಕಳೂ ಇರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತದೆ ನಡೆಯುತ್ತಾರೆ. ಶಾಲೆಯ ಪ್ರಾರ್ಥನೆಯಲ್ಲಿ ಆದವರಿಗೆ ಚಪ್ಪಾಳೆ, ಆಗದವರು ಸಾಲಿನ ಹಿಂದೆ. ಇದು ನಿಲ್ಲಬೇಕು. ಆ ದಿನವೇ ಹತ್ತಿರ ಕೂರಿಸಿಕೊಂಡು ಯಾವುದು ಕೈಕೊಟ್ಟಿತು ಅಂತ ಕೇಳಿ, ವಯಸ್ಸು ಇನ್ನೂ ಇದ್ದರೆ ಮುಂದಿನ ಶಿಬಿರ ಯಾವಾಗ ಅಂತ ರಿಜಿಸ್ಟರಿನಲ್ಲಿ ಅವರ ಎದುರಿಗೇ ಬರೆಯಿರಿ. ವಯಸ್ಸು ಮೀರಿದ್ದರೆ ದೊಡ್ಡ ಹುಡುಗರಿಗೆ ರೋವರ್, ಹುಡುಗಿಯರಿಗೆ ರೇಂಜರ್ ವಿಭಾಗ ಇದೆ, ಅಲ್ಲಿಯೂ ರಾಷ್ಟ್ರಪತಿ ಪುರಸ್ಕಾರದವರೆಗೆ ಹೋಗಬಹುದು ಅಂತ ತಿಳಿಸಿ. ಬಹಳ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ.

ಕೊನೆಯದಾಗಿ, ಈಗಾಗಲೇ ಪುರಸ್ಕಾರ ಪಡೆದವರಿಗೆ ಒಂದು ಕೇಳಿಕೆ. ಮೈಸೂರಿನಲ್ಲಿ, ಮಂಡ್ಯದಲ್ಲಿ ನಿಮ್ಮಂಥವರು ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕಂಪನಿಗಳಲ್ಲಿ ಇದ್ದೀರಿ. ಸರ್ಟಿಫಿಕೇಟು ಗೋಡೆ ಮೇಲೆ ಇರುತ್ತದೆ. ಹತ್ತಿರದ ಸರ್ಕಾರಿ ಶಾಲೆಗೆ ಒಂದು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ಮುಖ್ಯ ಶಿಕ್ಷಕರನ್ನು ಮೊದಲೇ ಕೇಳಿಕೊಂಡು ಬನ್ನಿ. ಭಾಷಣ ಬೇಡ. ನಿಮ್ಮ ಹಳೇ ಲಾಗ್ ಬುಕ್ ಮನೆಯಲ್ಲಿ ಉಳಿದಿದ್ದರೆ ತನ್ನಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ಗಂಟು ಹಾಕಿಸಿ, ಅವರು ಕೇಳಿದ್ದಕ್ಕೆ ಉತ್ತರ ಹೇಳಿ. ಯೂನಿಫಾರಂ ಕೊಳ್ಳಲಾಗದ ಮಗು ಕಂಡರೆ ಸುಮ್ನೆ ಮೇಷ್ಟ್ರ ಹತ್ತಿರ ವಿಚಾರಿಸಿ, ಮಗುವಿಗೆ ಗೊತ್ತಾಗದ ಹಾಗೆ ಅದರ ವ್ಯವಸ್ಥೆ ಮಾಡೋಣ. ನಮ್ಮ ಶಾಲೆಗೆ ಬರುವ ಮನಸ್ಸಿದ್ದರೆ ಇನ್‌ಬಾಕ್ಸಿನಲ್ಲಿ ತಿಳಿಸಿ, ಯಾವ ಶನಿವಾರ ಅಂತ ಮಾತಾಡಿಕೊಳ್ಳೋಣ.